ಇಪ್ಪತ್ತನಾಲ್ಕರಲ್ಲಿ ಒಂದು ಪಾಲು

ಅರವತ್ತು ದಾಟಿದ ನಿವೃತ್ತ ಅಧ್ಯಾಪಕನೊಬ್ಬ ಬೆಳಗಿನ ಹೊತ್ತು ಕಿಟಕಿಯ ಬಳಿ ಕುಳಿತು, ಗೇಣಿಗಿಂತಲೂ ಕಿರಿದಾದ ಮೋಟಾರು ಕಾರೊಂದಕ್ಕೆ ಬಣ್ಣ ಹಚ್ಚುತ್ತಿರುವುದನ್ನು ಕಂಡರೆ ನೋಡಿದವರಿಗೆ ನಗು ಬರುವುದು ಸಹಜ. ಒಮ್ಮೆ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಬಂದವರು ಅದನ್ನು ಕಂಡು, "ಮೊಮ್ಮಕ್ಕಳಿಗೋ?" ಎಂದು ಕೇಳಿದರು. ಅಲ್ಲ, ನನಗೇ ಎಂದೆ. ಅವರು ಕೆಲಹೊತ್ತು ಸುಮ್ಮನಿದ್ದು, "ಇರುವ ಕಾರನ್ನು ಇರುವ ಹಾಗೆಯೇ ಚಿಕ್ಕದು ಮಾಡುವುದರಲ್ಲಿ ನಿಮ್ಮದೇನು ಬಂತು? ಭಾಗಾಕಾರ ಬಂದರೆ ಸಾಲದೆ?" ಎಂದರು. ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಅದಕ್ಕೆ ಅಂದು ಕೊಡಲಾರದ ಉತ್ತರವನ್ನು ಇಂದು ನಿಮ್ಮ ಮುಂದೆ ಹೇಳಲು ಪ್ರಯತ್ನಿಸುತ್ತೇನೆ.

ಬಾನುಲಿಯಲ್ಲಿ ವಸ್ತುವನ್ನು ಎತ್ತಿ ತೋರಿಸುವಂತಿಲ್ಲ. ಆದ್ದರಿಂದ ಅದರ ಸ್ವರೂಪವನ್ನು ಮೊದಲು ಮಾತಿನಲ್ಲಿಯೇ ಕಟ್ಟಿಕೊಡಬೇಕು. ಅಂಗಡಿಯಿಂದ ತಂದ ಡಬ್ಬಿಯನ್ನು ತೆರೆದರೆ ಒಳಗೆ ಕಾಣುವುದು ಕಾರಲ್ಲ. ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಕೆಲವು ಚೌಕಟ್ಟುಗಳು. ರೆಂಬೆಗೆ ಕಾಯಿಗಳು ಜೋತಂತೆ ಅವುಗಳ ಕಡ್ಡಿಗಳಿಗೆ ಅಂಟಿಕೊಂಡಿರುವ ಹತ್ತಾರು ಬಿಡಿಭಾಗಗಳು. ಕರಗಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿನೊಳಕ್ಕೆ ಒತ್ತಡದಿಂದ ನುಗ್ಗಿಸಿದಾಗ ಅದು ಹರಿದು ಹೋದ ಕಾಲುವೆಗಳೇ ಆ ಕಡ್ಡಿಗಳು. ಅಚ್ಚಿನ ಎರಡು ಹೋಳುಗಳು ಕೂಡುವಲ್ಲಿ ಪ್ರತಿಯೊಂದು ಭಾಗದ ಮೇಲೂ ಕೂದಲೆಳೆಯಷ್ಟು ಏಣು ಉಳಿದಿರುತ್ತದೆ. ದಪ್ಪವಾಗಿರುವ ಕಡೆ ಪ್ಲಾಸ್ಟಿಕ್ಕು ಆರುವಾಗ ಕುಗ್ಗಿ ಸಣ್ಣ ಗುಳಿ ಬಿದ್ದಿರುತ್ತದೆ. ಏಣನ್ನು ಕೆರೆದು, ಗುಳಿಯನ್ನು ತುಂಬಿ, ಮರಳು ಕಾಗದದಿಂದ ಉಜ್ಜುವುದರಲ್ಲಿಯೇ ಮೊದಲ ವಾರ ಕಳೆಯುತ್ತದೆ. ಅಂಟು ಎಂದು ನಾವು ಕರೆಯುವುದೂ ನಿಜವಾಗಿ ಅಂಟಲ್ಲ. ಅದು ಪ್ಲಾಸ್ಟಿಕ್ಕನ್ನು ಕರಗಿಸುವ ದ್ರವ. ಎರಡು ಅಂಚುಗಳನ್ನು ಕೂಡಿಸಿ ಹಿಡಿದು ಸಂದಿಗೆ ಕುಂಚದ ತುದಿಯನ್ನು ಮುಟ್ಟಿಸಿದರೆ, ಬತ್ತಿಗೆ ಎಣ್ಣೆ ಏರುವಂತೆ ಅದು ಸಂದಿಯುದ್ದಕ್ಕೂ ತಾನೇ ಹರಿದು, ಎರಡನ್ನೂ ಕರಗಿಸಿ ಒಂದಾಗಿ ಬೆಸೆಯುತ್ತದೆ. ಸಂದಿಯ ಮೇಲೆ ನಿಮ್ಮ ಬೆರಳಿದ್ದರೆ ಬೆರಳಿನಡಿಗೂ ಹರಿಯುತ್ತದೆ. ನನ್ನ ಮೊದಲ ಕಾರಿನ ಮಾಳಿಗೆಯ ಮೇಲೆ ನನ್ನ ಹೆಬ್ಬೆಟ್ಟಿನ ಗುರುತು ನೋಂದಣಿ ಕಚೇರಿಯ ದಸ್ತಾವೇಜಿನಲ್ಲಿರುವಷ್ಟು ಸ್ಪಷ್ಟವಾಗಿ ಮೂಡಿ ಉಳಿದಿದೆ.

ಈ ಮಾದರಿಗಳಿಗೆ ಗೊತ್ತಾದ ಪ್ರಮಾಣಗಳುಂಟು. ಅವು ಯಾವುದೋ ಶಾಸ್ತ್ರದಿಂದ ಇಳಿದು ಬಂದವಲ್ಲ. ಬಹುಪಾಲು ಸಂದರ್ಭವಶಾತ್ ಹುಟ್ಟಿಕೊಂಡವು. ಅಡಿಗೆ ಅರ್ಧ ಅಂಗುಲವೆಂದರೆ 24ರಲ್ಲಿ ಒಂದು ಪಾಲು. ಬ್ರಿಟನ್ನಿನ ಆಟದ ರೈಲುಗಳಲ್ಲಿ ಅಡಿಗೆ 7 ಮಿಲಿಮೀಟರು ಎಂಬ ಲೆಕ್ಕವಿತ್ತು. ಆ ರೈಲಿನ ಪಕ್ಕದಲ್ಲಿ ನಿಲ್ಲಿಸಲು ಮಾಡಿದ ಪುಟ್ಟ ಕಾರುಗಳಿಗೆ 43ರಲ್ಲಿ ಒಂದು ಎಂಬ ವಿಚಿತ್ರ ಪ್ರಮಾಣ ಬಂದದ್ದು ಅದರಿಂದ. ಯುದ್ಧದ ಟ್ಯಾಂಕುಗಳ ಮಾದರಿಗೆ ಇಂದು ಜಗತ್ತೆಲ್ಲ ಒಪ್ಪಿರುವ 35ರಲ್ಲಿ ಒಂದು ಎಂಬುದಂತೂ, 1960ರ ದಶಕದ ಆರಂಭದಲ್ಲಿ ಜಪಾನಿನ ಟಮಿಯಾ ಕಂಪನಿ ತನ್ನ ಟ್ಯಾಂಕಿನೊಳಗೆ ಮೋಟಾರು ಮತ್ತು ಬ್ಯಾಟರಿ ಹಿಡಿಸಬೇಕಾಗಿ ಬಂದುದರಿಂದ ಹುಟ್ಟಿದ್ದು. ನಮ್ಮ ಛಂದಸ್ಸಿನ ಎಷ್ಟು ನಿಯಮಗಳು ಹೀಗೆ ಹುಟ್ಟಿರಬಹುದು ಎಂದು ನಾನು ಆಗಾಗ ಯೋಚಿಸುವುದುಂಟು.

ಇದು ಮಕ್ಕಳ ಆಟವಾಗಿ ಆರಂಭವಾಯಿತೆಂಬುದೂ ಪೂರ್ತಿ ನಿಜವಲ್ಲ. ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿ ಎರಡನೆಯ ಮಹಾಯುದ್ಧದ ಬಳಿಕ ಮಾಡಿದ ಫರ್ಗುಸನ್ ಟ್ರಾಕ್ಟರಿನ ಮಾದರಿ ಮೊದಲು ಆ ಟ್ರಾಕ್ಟರುಗಳನ್ನು ಮಾರುವವರ ಕೈಯಲ್ಲಿರಲೆಂದು ಸಿದ್ಧವಾಯಿತು. ಅಮೆರಿಕದ ಎಎಂಟಿ ಕಂಪನಿಯೂ ಹಾಗೆಯೇ, ಕಾರು ಮಾರುವ ಅಂಗಡಿಗಳಿಗೆ 25ರಲ್ಲಿ ಒಂದರ ಮಾದರಿಗಳನ್ನು ಒದಗಿಸುತ್ತಿತ್ತು. ಜೋಡಿಸುವ ಕೆಲಸವನ್ನು ಕೊಳ್ಳುವವನಿಗೇ ಬಿಟ್ಟರೆ ಕೂಲಿ ಉಳಿಯಿತು; ಕೊಂಡವನಿಗೆ ಸಂತೋಷವೂ ಆಯಿತು. ವ್ಯಾಪಾರದಲ್ಲಿ ಇಂಥ ಯೋಗ ಅಪರೂಪ.

ಇದಕ್ಕೂ ಮೊದಲು, ಡಬ್ಬಿಯೇ ಇಲ್ಲದ ಕಾಲದಲ್ಲಿ, ಅಮೆರಿಕದಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಜನರಲ್ ಮೋಟಾರ್ಸಿಗೆ ಸೇರಿದ, ಕಾರಿನ ಒಡಲುಗಳನ್ನು ತಯಾರಿಸುವ ಫಿಷರ್ ವಿಭಾಗ 1930ರಲ್ಲಿ ಹುಡುಗರಿಗಾಗಿ ಒಂದು ಕುಶಲಕರ್ಮಿ ಸಂಘವನ್ನು ತೆರೆಯಿತು. ಕಂಪನಿಯ ಲಾಂಛನವಾಗಿದ್ದ, ನೆಪೋಲಿಯನ್ ಕಾಲದ ರಾಜವೈಭವದ ಸಾರೋಟನ್ನು ನಕ್ಷೆ ನೋಡಿ ಪುಟ್ಟದಾಗಿ ಮಾಡಬೇಕು. ಮರ ಕೆತ್ತಬೇಕು, ಲೋಹ ಬಗ್ಗಿಸಬೇಕು, ಒಳಗಿನ ಆಸನಕ್ಕೆ ಬಟ್ಟೆ ಹೊಲಿಯಬೇಕು, ಬಣ್ಣ ಹಚ್ಚಬೇಕು. ಗೆದ್ದವರಿಗೆ ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನ. ಮುಂದೆ ಸಾರೋಟಿನ ಜೊತೆಗೆ, ಹುಡುಗರು ತಾವೇ ಕಲ್ಪಿಸಿದ ಕಾರಿನ 12ರಲ್ಲಿ ಒಂದರ ಮಾದರಿಯನ್ನು ಮಾಡಿ ಕಳುಹಿಸುವ ಸ್ಪರ್ಧೆಯೂ ಬಂತು. 1947ರಲ್ಲಿ ಹೀಗೆ ಗೆದ್ದ ಚಕ್ ಜೋರ್ಡನ್ ಎಂಬ ಹುಡುಗ 1986ರಲ್ಲಿ ಜನರಲ್ ಮೋಟಾರ್ಸಿನ ವಿನ್ಯಾಸ ವಿಭಾಗದ ಮುಖ್ಯಸ್ಥನಾದ. 1968ರವರೆಗೆ ನಡೆದ ಈ ಸ್ಪರ್ಧೆಯಲ್ಲಿ ಹುಡುಗಿಯರಿಗೆ ಪ್ರವೇಶವಿರಲಿಲ್ಲ. ಹೊಲಿಗೆಯೂ ಅದರ ಒಂದು ಭಾಗವಾಗಿತ್ತು ಎಂಬುದನ್ನು ನೆನೆದರೆ ಈ ನಿಯಮ ಅನ್ಯಾಯ ಮಾತ್ರವಲ್ಲ, ಹಾಸ್ಯಾಸ್ಪದವೂ ಆಗಿ ತೋರುತ್ತದೆ.

ಇರಲಿ. ನನ್ನ ಮಿತ್ರರ ಪ್ರಶ್ನೆ ಭಾಗಾಕಾರದ್ದು. ಅದಕ್ಕೇ ಬರೋಣ.

ನನ್ನ ಮೇಜಿನ ಮೇಲಿರುವುದು ಟಮಿಯಾ ಕಂಪನಿಯ ಡಬ್ಬಿಯಿಂದ ಕಟ್ಟಿದ, 1966ರ ಫೋಕ್ಸ್‌ವ್ಯಾಗನ್ ಬೀಟಲ್. ನಿಜವಾದ ಬಂಡಿಯ ಉದ್ದ ಸುಮಾರು 4 ಮೀಟರು. 24ರಿಂದ ಭಾಗಿಸಿದರೆ ಸುಮಾರು 17 ಸೆಂಟಿಮೀಟರು. ಇಲ್ಲಿಯವರೆಗೆ ಭಾಗಾಕಾರ ಸರಿ. ಈಗ ತೂಕಕ್ಕೆ ಬನ್ನಿ. ಉದ್ದ, ಅಗಲ, ಎತ್ತರ ಮೂರೂ 24 ಪಾಲು ಕುಗ್ಗಿದರೆ ಗಾತ್ರ 13,824 ಪಾಲು ಕುಗ್ಗುತ್ತದೆ. 800 ಕಿಲೋಗ್ರಾಂ ಬಂಡಿಯ ಮಾದರಿ ಲೆಕ್ಕದಂತೆ 58 ಗ್ರಾಂ ತೂಗಬೇಕು. ಭಾರವಾದದ್ದು ನೆಲವನ್ನು ಒತ್ತಿ ನಿಂತಂತೆ ಈ 58 ಗ್ರಾಮಿನ ವಸ್ತು ಹೇಗೆ ನಿಂತೀತು? ನಿಜವಾದ ಕಾರಿನ ಚಕ್ರದ ರಬ್ಬರು ನೆಲ ಮುಟ್ಟುವಲ್ಲಿ ಭಾರಕ್ಕೆ ತುಸು ಚಪ್ಪಟೆಯಾಗಿರುತ್ತದೆ. ಮಾದರಿಯಲ್ಲಿ ಅದು ತಾನಾಗಿ ಆಗದು. ಕೆಲವರು ಚಕ್ರದ ತಳವನ್ನು ಎಳೆಯಷ್ಟು ಉಜ್ಜಿ ಚಪ್ಪಟೆ ಮಾಡುತ್ತಾರೆ. ಅಲ್ಲಿಗೆ ಅಳತೆ ಕೆಟ್ಟಿತು. ಆದರೆ ಬಂಡಿಗೆ ಭಾರ ಬಂತು.

ಇನ್ನು ತಗಡಿನ ದಪ್ಪ. ಕಾರಿನ ಮೈಯ ಉಕ್ಕಿನ ತಗಡು ಒಂದು ಮಿಲಿಮೀಟರಿಗಿಂತಲೂ ತೆಳು. ಅದನ್ನು 24ರಿಂದ ಭಾಗಿಸಿದರೆ ಬರುವುದು ಮಿಲಿಮೀಟರಿನ ನೂರರಲ್ಲಿ ಮೂರು ಪಾಲು. ಆ ದಪ್ಪಕ್ಕೆ ಪ್ಲಾಸ್ಟಿಕ್ಕನ್ನು ಎರೆಯಲಾಗುವುದಿಲ್ಲ, ಎರೆದರೂ ನಿಲ್ಲುವುದಿಲ್ಲ. ಮಾದರಿಯ ಮೈ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ದಪ್ಪವಿರುತ್ತದೆ. ಅದನ್ನೇ ಮತ್ತೆ 24ರಿಂದ ಹೆಚ್ಚಿಸಿ ನೋಡಿದರೆ, ಒಂದು ಅಂಗುಲ ದಪ್ಪದ ಉಕ್ಕಿನ ಕಾರು! ಆದ್ದರಿಂದ ಬಲ್ಲವರು ಕಣ್ಣಿಗೆ ಬೀಳುವ ಅಂಚುಗಳನ್ನು ಮಾತ್ರ, ಚಕ್ರದ ಕಮಾನು, ಕಿಟಕಿಯ ಚೌಕಟ್ಟು ಇಂಥವನ್ನು, ಒಳಗಡೆಯಿಂದ ಕೆರೆದು ತೆಳುವಾಗಿಸುತ್ತಾರೆ. ನೋಡುವವನು ಅಂಚನ್ನು ಕಂಡು ಇಡಿಯ ಮೈಯೇ ತೆಳು ಎಂದು ನಂಬುತ್ತಾನೆ. ಬಾಗಿಲಿನ ಸಂದು ಇದಕ್ಕೆ ವಿರುದ್ಧ. ನಿಜವಾದ ಕಾರಿನಲ್ಲಿ ಅದು ನಾಲ್ಕೈದು ಮಿಲಿಮೀಟರು. ಲೆಕ್ಕದಂತೆ ಕುಗ್ಗಿಸಿದರೆ ಮೊದಲ ಕೋಟು ಬಣ್ಣಕ್ಕೇ ಮುಚ್ಚಿಹೋಗುತ್ತದೆ. ಆದ್ದರಿಂದ ಅದನ್ನು ಲೆಕ್ಕಕ್ಕಿಂತ ಅಗಲವಾಗಿ, ಆಳವಾಗಿ ಗೀರಬೇಕು. ಒಂದನ್ನು ಸಣ್ಣದು ಮಾಡಿದಂತೆ ನಟಿಸಬೇಕು. ಇನ್ನೊಂದನ್ನು ಬೇಕೆಂದೇ ದೊಡ್ಡದು ಮಾಡಬೇಕು. ಪದಕ್ಕೆ ಪದವಿಟ್ಟು ಅನುವಾದ ಮಾಡಿ ಕೈಸುಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಆಲಂಕಾರಿಕರಲ್ಲಿ ಕ್ಷೇಮೇಂದ್ರ ಔಚಿತ್ಯ ಎಂದು ಕರೆದುದನ್ನು ತರಗತಿಯಲ್ಲಿ ವರ್ಷಗಟ್ಟಲೆ ಪಾಠ ಹೇಳಿದ ನನಗೆ, ಅದು ಬೆರಳಿಗೆ ತಾಕಿದ್ದು ಬೀಟಲಿನ ಬಾಗಿಲ ಸಂದಿನಲ್ಲಿ.

ಹಾಗೆಂದು ಅಳತೆಯನ್ನು ಅಲಕ್ಷಿಸಬಹುದೆಂದು ತಿಳಿಯಬಾರದು. ಟಮಿಯಾ ಕಂಪನಿ 1946ರಲ್ಲಿ ಜಪಾನಿನ ಶಿಜುವೊಕಾ ನಗರದಲ್ಲಿ ಮರದ ವ್ಯಾಪಾರವಾಗಿ ಆರಂಭವಾದದ್ದು. ಸ್ಥಾಪಕರ ಮಗ ಶುನ್‌ಸಾಕು ಟಮಿಯಾ 1970ರ ದಶಕದಲ್ಲಿ ಪೋರ್ಷೆ 934 ಎಂಬ ಪಂದ್ಯದ ಕಾರಿನ ಮಾದರಿಗೆ ಕೈಹಾಕಿದರು. ಕಲೆಹಾಕಿದ ಚಿತ್ರಗಳೂ ವಿವರಗಳೂ ಅವರಿಗೆ ಸಾಲಲಿಲ್ಲ. ಕೊನೆಗೆ ಅದರ ಮೂಲವಾದ ಪೋರ್ಷೆ 911 ಕಾರನ್ನೇ ಕೊಂಡು ತಂದು, ಭಾಗಭಾಗವಾಗಿ ಬಿಚ್ಚಿ ನೋಡಿದರು. 12ರಲ್ಲಿ ಒಂದರ ಆ ಮಾದರಿ 1976ರಲ್ಲಿ ಹೊರಬಂತು. ಆಟಿಕೆಯೊಂದಕ್ಕಾಗಿ ಇಡಿಯ ಕಾರನ್ನು ಬಿಚ್ಚಿಹಾಕುವ ಈ ಮನುಷ್ಯನ ಹುಚ್ಚು ನನಗೆ ಬಹಳ ಪ್ರಿಯವಾದದ್ದು. ಎಲ್ಲಿ ಲೆಕ್ಕವನ್ನು ಮುರಿಯಬೇಕೆಂದು ತಿಳಿಯಲು ಲೆಕ್ಕ ಪೂರ್ತಿಯಾಗಿ ತಿಳಿದಿರಬೇಕಷ್ಟೆ.

ಇನ್ನು ಬಣ್ಣ. ಈ ಹವ್ಯಾಸದಲ್ಲಿ ಮನುಷ್ಯನ ಅಹಂಕಾರ ಇಳಿಯುವುದು ಇಲ್ಲಿಯೇ. ನಿಜವಾದ ಕಾರಿನ ಮೇಲಿರುವ ಎಲ್ಲ ಲೇಪಗಳೂ ಸೇರಿ ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲಿನ ಆಸುಪಾಸು. ನಾವು ಮಾದರಿಗೆ ತಳಬಣ್ಣ, ಮೇಲುಬಣ್ಣ, ಹೊಳಪು ಎಂದು ಕೊಡುವುದೂ ಹೆಚ್ಚುಕಡಿಮೆ ಅಷ್ಟೇ ದಪ್ಪವಾಗುತ್ತದೆ. ಅಂದರೆ ಬಣ್ಣ ಮಾತ್ರ ಕುಗ್ಗುವುದೇ ಇಲ್ಲ. ಅದಕ್ಕಾಗಿಯೇ ಕುಂಚವನ್ನು ಬಿಟ್ಟು ತುಂತುರಾಗಿ ಸಿಂಪಡಿಸಬೇಕು. ಮಂಜು ಕವಿದಂತೆ ತೆಳುವಾದ ಪದರ, ಆರಲು ಬಿಡುವು, ಮತ್ತೊಂದು ಪದರ. ಬೆಳ್ಳಿಯ ಮಿನುಗಿರುವ ಬಣ್ಣದಲ್ಲಂತೂ ಅಲ್ಯೂಮಿನಿಯಂ ಕಣಗಳಿರುತ್ತವೆ. ನಿಜವಾದ ಕಾರಿನ ಬಣ್ಣವನ್ನೇ ತಂದು ಮಾದರಿಗೆ ಹೊಡೆದರೆ ಕಣಗಳು ಒಂದೊಂದಾಗಿ ಕಂಡು, ಕಾರು ಜರತಾರಿ ಸೀರೆ ಉಟ್ಟಂತೆ ತೋರುತ್ತದೆ. ಕೆಂಪು ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಹೊಡೆದರೆ ಒಳಗಿನ ಕೆಂಪು ನಿಧಾನವಾಗಿ ಮೇಲಕ್ಕೆ ಜಿನುಗಿ ವಾರದಲ್ಲಿ ಗುಲಾಬಿಯಾಗುತ್ತದೆ. ನಡುವೆ ಬೆಳ್ಳಿಬಣ್ಣದ ಒಂದು ಪದರವನ್ನು ಅಡ್ಡಗೋಡೆಯಂತೆ ಕೊಟ್ಟರೆ ತಡೆಯುತ್ತದೆ.

ಬಣ್ಣಗಳಲ್ಲಿ ಜಾತಿಭೇದವೂ ಉಂಟು. ಲ್ಯಾಕರ್ ಬಣ್ಣದ ದ್ರಾವಕ ಬಹಳ ತೀಕ್ಷ್ಣ. ಆರಿದ ಲ್ಯಾಕರಿನ ಮೇಲೆ ಎನಾಮಲ್ ಹಚ್ಚಬಹುದು. ಎನಾಮಲಿನ ಮೇಲೆ ಲ್ಯಾಕರ್ ಹೊಡೆದರೆ ಕೆಳಗಿನ ಪದರ ಬಿಸಿಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಏಳುತ್ತದೆ. ಇದನ್ನು ನಾನು ಓದಿ ತಿಳಿದಿದ್ದೆ, ತಿಳಿದೂ ಮಾಡಿದೆ. ಇನ್ನೊಂದು ಪ್ರಮಾದ ಆಷಾಢದ್ದು. ಮೂರು ದಿನದಿಂದ ಮಳೆ ಹಿಡಿದಿತ್ತು. ಬೀಟಲಿನ ಮೈಗೆ ಕೊನೆಯ ಹೊಳಪಿನ ಪದರವೊಂದೇ ಬಾಕಿ. ತಾಳ್ಮೆಗೆಟ್ಟು ಸಿಂಪಡಿಸಿಯೇಬಿಟ್ಟೆ. ಕ್ಷಣಮಾತ್ರದಲ್ಲಿ ನೀಲಿಯ ಮೇಲೆ ಬೂದಿ ಎರಚಿದಂತೆ ಬಿಳಿಯ ಮಬ್ಬು ಕವಿಯಿತು. ದ್ರಾವಕ ಬೇಗ ಆವಿಯಾಗುವಾಗ ಮೈಯ ಶಾಖವನ್ನು ಹೀರುತ್ತದೆ; ತಂಪಾದ ಮೈಮೇಲೆ ಗಾಳಿಯ ತೇವ ಇಬ್ಬನಿಯಾಗಿ ಕೂರುತ್ತದೆ; ಅದು ಬಣ್ಣದೊಳಗೆ ಸಿಕ್ಕಿ ಬೆಳ್ಳಗಾಗುತ್ತದೆ. ಕಾರಣ ಇಷ್ಟು ಸರಳ. ಆದರೂ ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ. ಬಿಸಿಲು ಬಂದ ದಿನ, ನಿಧಾನವಾಗಿ ಆವಿಯಾಗುವ ದ್ರಾವಕವನ್ನು ತೆಳುವಾಗಿ ಸಿಂಪಡಿಸಿದಾಗ ಮೇಲ್ಪದರ ಕರಗಿ, ಸಿಕ್ಕಿದ್ದ ತೇವ ಹೊರಟುಹೋಗಿ, ನೀಲಿ ಮತ್ತೆ ಮೂಡಿತು. ಕಿಟಕಿ ತೆರೆದು, ಮೂಗಿಗೆ ತಕ್ಕ ಮುಸುಕು ಧರಿಸಿಯೇ ಈ ಕೆಲಸ ಮಾಡಬೇಕೆಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು.

ಬಣ್ಣವನ್ನು ಎಷ್ಟು ತಿಳಿಯಾಗಿಸಬೇಕು ಎಂಬುದು ಹವ್ಯಾಸಿಗಳಲ್ಲಿ ಮುಗಿಯದ ಚರ್ಚೆ. ಮಾದರಿಯನ್ನು ಒಂದೂವರೆ ಅಡಿಯಿಂದ ನೋಡುವುದೆಂದರೆ ನಿಜವಾದ ಕಾರನ್ನು 36 ಅಡಿ ದೂರದಿಂದ ನೋಡಿದಂತೆ. ದೂರದಲ್ಲಿ ಬಣ್ಣ ಮಾಸಿ ಕಾಣುವುದರಿಂದ ಬಿಳಿ ಬೆರೆಸಬೇಕೆಂಬುದು ಒಂದು ಪಕ್ಷ. 36 ಅಡಿಯಲ್ಲಿ ಯಾವ ಬಣ್ಣವೂ ಮಾಸುವುದಿಲ್ಲವೆಂದು ನನಗನಿಸುತ್ತದೆ. ತಗ್ಗಿಸಬೇಕಾದದ್ದು ಬಣ್ಣವನ್ನಲ್ಲ, ಹೊಳಪನ್ನು. ಅತಿಯಾಗಿ ಥಳಥಳಿಸುವ ಮಾದರಿ ಕಾರಿನಂತೆ ಕಾಣದೆ ಮಿಠಾಯಿಯಂತೆ ಕಾಣುತ್ತದೆ.

ನನ್ನ ಮಿತ್ರರು ಕಳೆದ ತಿಂಗಳು ಮತ್ತೆ ಬಂದಿದ್ದರು. ಮುಗಿದ ಬೀಟಲನ್ನು ಅವರ ಅಂಗೈಯಲ್ಲಿಟ್ಟೆ. ಮಾತಾಡದೆ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ಕಿಟಕಿಯೊಳಕ್ಕೆ ಇಣುಕಿದರು. ತಮ್ಮ ಮಾವನವರ ಬಳಿ ಇಂಥದೊಂದು ಕಾರಿತ್ತೆಂದೂ, ಅದರ ಯಂತ್ರ ಹಿಂಬದಿಗಿತ್ತೆಂದೂ ಹೇಳುತ್ತ ಸ್ವಲ್ಪ ಹೊತ್ತು ಕುಳಿತಿದ್ದರು. ಬಾಗಿಲ ಸಂದು ಲೆಕ್ಕಕ್ಕಿಂತ ಅಗಲವಾಗಿದ್ದುದು ಅವರ ಕಣ್ಣಿಗೆ ಬೀಳಲಿಲ್ಲ. ಮುಂದಿನ ಎಡ ಚಕ್ರ ನೆಲದಿಂದ ಒಂದು ಕೂದಲೆಳೆಯಷ್ಟು ಮೇಲಿದೆ, ಅದೂ ಬೀಳಲಿಲ್ಲ. ಗಾಜಿನ ಹಲಗೆಯ ಮೇಲಿಟ್ಟು ಕಾಗದದ ಚೂರನ್ನು ತೂರಿಸಿ ನೋಡಿದವನಿಗೆ ಮಾತ್ರ ಅದು ಗೊತ್ತು. ಅವರು ಹೋದ ಮೇಲೆ ಆ ಪಕ್ಕವನ್ನು ಗೋಡೆಯ ಕಡೆಗೆ ತಿರುಗಿಸಿ ಕಾರನ್ನು ಮತ್ತೆ ಅಲಮಾರಿನಲ್ಲಿಟ್ಟೆ.