ನೆಟ್ಟದ್ದೊಂದು, ಉಳಿದದ್ದೊಂದು

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮನೆ ಕಟ್ಟಿದ ಹೊಸತರಲ್ಲಿ ಗುಲಾಬಿ ನೆಡುವವರ ಮನಸ್ಸಿನಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ಇರುತ್ತದೆ. ಅಂಗೈಯಗಲದ ಹೂ ಬಿಡುವ ಹೈಬ್ರಿಡ್ ಟೀ ತಳಿಗಳನ್ನು ನರ್ಸರಿಯಿಂದ ತಂದು ಕಾಂಪೌಂಡಿನ ಒಳಗೆ ಸಾಲಾಗಿ ನೆಡುತ್ತಾರೆ: ಹಳದಿ, ಕಿತ್ತಳೆ, ಎರಡು ಬಣ್ಣದ್ದು, ನೇರಳೆ ಛಾಯೆಯದು. ಹತ್ತು ಹದಿನೈದು ವರ್ಷ ಕಳೆದ ಮೇಲೆ ಅದೇ ಗೇಟು ದಾಟಿ ಒಳಗೆ ಹೋದರೆ ಅವುಗಳಲ್ಲಿ ಬಹುಪಾಲು ಇರುವುದಿಲ್ಲ. ಗಟ್ಟಿಮುಟ್ಟಾದ ಒಂದೆರಡು ಕೆಂಪು ಗಿಡ, ಕಿಟಕಿಯ ಸರಳಿಗೆ ಹಬ್ಬಿದ ಒಂದು ಬಳ್ಳಿ, ಯಾರೋ ಕೊಟ್ಟ ಕಡ್ಡಿಯಿಂದ ಬಂದ ಪನ್ನೀರು ಗುಲಾಬಿ ಉಳಿದಿರುತ್ತವೆ. ಆರೈಕೆ ಸಾಲದೆ ಹೋಯಿತೆಂದು ಮನೆಯವರು ಕೊರಗುತ್ತಾರೆ. ಅಷ್ಟು ಕೊರಗಬೇಕಿಲ್ಲ. ಯಾವ ಗಿಡ ಉಳಿದೀತು, ಯಾವುದು ಹೋದೀತು ಎಂಬುದರಲ್ಲಿ ಹೆಚ್ಚಿನ ಪಾಲು ಆ ಗಿಡದ ವಂಶದಲ್ಲಿ, ಅದನ್ನು ಬೆಳೆಸಿದ ಕ್ರಮದಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ.

ನರ್ಸರಿಯಿಂದ ತಂದ ಗುಲಾಬಿಯಲ್ಲಿ ಎರಡು ಗಿಡಗಳಿರುತ್ತವೆ. ಬೇರು ಒಂದರದು, ಹೂವು ಇನ್ನೊಂದರದು. ಬೇರುಸಸಿಯ ತೊಗಟೆಯನ್ನು ಇಂಗ್ಲಿಷಿನ ‘ಟಿ’ ಆಕಾರದಲ್ಲಿ ಸೀಳಿ, ಬೇಕಾದ ತಳಿಯ ಒಂದು ಕಣ್ಣನ್ನು ಅದರೊಳಗೆ ಕೂರಿಸಿ ಕಟ್ಟುತ್ತಾರೆ. ಇದೇ ಕಣ್ಣು ಕಸಿ. ಬೇರುಸಸಿಯಾಗಿ ಹೆಚ್ಚು ಬಳಕೆಯಲ್ಲಿರುವುದರಲ್ಲಿ ಪೂರ್ವ ಏಷ್ಯಾ ಮೂಲದ ಕಾಡುಗುಲಾಬಿ ರೋಸಾ ಮಲ್ಟಿಫ್ಲೋರಾ ಒಂದು. ಮೇಲಿನ ತಳಿ ರೋಗಕ್ಕೋ ನೀರಿನ ಕೊರತೆಗೋ ಸೊರಗಿದಾಗ ಕೆಳಗಿನ ಬೇರು ಸುಮ್ಮನೆ ಕೂರುವುದಿಲ್ಲ. ಕಸಿ ಗಂಟಿನ ಕೆಳಗಿನಿಂದ ನೀಳವಾದ ತಿಳಿಹಸಿರು ಚಿಗುರು ಎದ್ದು ನೀರು, ಗೊಬ್ಬರ, ಬಿಸಿಲು ಎಲ್ಲದರಲ್ಲೂ ಪಾಲು ಕೇಳುತ್ತದೆ. ಕೆಲವೇ ವರ್ಷಗಳಲ್ಲಿ ದುಡ್ಡು ಕೊಟ್ಟು ತಂದ ತಳಿ ಸತ್ತು ಬೇರುಸಸಿಯೇ ಗಿಡವಾಗಿ ನಿಲ್ಲುತ್ತದೆ. ‘ನಮ್ಮ ಗುಲಾಬಿ ಹೂ ಬಿಡೋದನ್ನೇ ನಿಲ್ಲಿಸಿಬಿಡ್ತು’ ಎನ್ನುವ ಎಷ್ಟೋ ಮನೆಗಳಲ್ಲಿ ನಡೆದಿರುವುದು ಇದೇ.

ಏಳೆಲೆಯಿದ್ದರೆ ಕಾಡು, ಐದೆಲೆಯಿದ್ದರೆ ಒಳ್ಳೆಯದು ಎಂದು ಹೇಳುವ ರೂಢಿಯಿದೆ. ಅದನ್ನು ನಂಬುವಂತಿಲ್ಲ, ಒಳ್ಳೆಯ ತಳಿಗಳೂ ಏಳೆಲೆ ಬಿಡುತ್ತವೆ. ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಜಾಗವನ್ನು ಹತ್ತಿರದಿಂದ ನೋಡಬೇಕು. ಅಲ್ಲಿ ತೊಟ್ಟಿನ ಎರಡೂ ಮಗ್ಗುಲಲ್ಲಿ ಸಣ್ಣ ರೆಕ್ಕೆಯಂಥ ಭಾಗ ಅಂಟಿಕೊಂಡಿರುತ್ತದೆ. ಮಲ್ಟಿಫ್ಲೋರಾದಲ್ಲಿ ಅದರ ಅಂಚು ಎಳೆಎಳೆಯಾಗಿ ಸೀಳಿರುತ್ತದೆ. ಹೈಬ್ರಿಡ್ ಟೀಯಲ್ಲಿ ಅಂಚು ಹೆಚ್ಚುಕಡಿಮೆ ನಯವಾಗಿರುತ್ತದೆ. ಬೇರುಸಸಿಯ ಚಿಗುರೆಂದು ಖಚಿತವಾದರೆ ಕತ್ತರಿ ಹಾಕುವುದರಿಂದ ಉಪಯೋಗವಿಲ್ಲ, ಬುಡದ ಕಣ್ಣುಗಳು ಮತ್ತೆ ಒಡೆಯುತ್ತವೆ. ಮಣ್ಣು ಬಿಡಿಸಿ ಅದು ಹುಟ್ಟಿದ ಜಾಗದಿಂದಲೇ ಕಿತ್ತು ತೆಗೆಯಬೇಕು.

ನಾನು ಕಂಡಂತೆ ಮೊದಲು ಹೋಗುವವು ಗಾಢ ಹಳದಿಯ ತಳಿಗಳು. 1900ರಲ್ಲಿ ಫ್ರಾನ್ಸಿನ ಲಿಯಾನ್ ನಗರದ ಜೋಸೆಫ್ ಪೆರ್ನೆ-ಡ್ಯೂಶೆ ‘ಸೊಲೈ ದೋರ್’ ಎಂಬ ತಳಿಯನ್ನು ಹೊರತಂದರು. ಪರ್ಷಿಯಾದ ಹಳದಿ ಗುಲಾಬಿಯನ್ನು ತೋಟದ ಗುಲಾಬಿಯೊಡನೆ ಬೆರೆಸಿ ಪಡೆದದ್ದು ಅದು. ಇಂದಿನ ಹಳದಿ, ಕಿತ್ತಳೆ ಬಣ್ಣಗಳ ದೊಡ್ಡ ಪಾಲು ಆ ದಾರಿಯಿಂದಲೇ ಬಂದಿದೆ. ಬಣ್ಣದ ಜೊತೆಗೇ ಕಪ್ಪು ಚುಕ್ಕೆ ರೋಗಕ್ಕೆ ಬೇಗ ತುತ್ತಾಗುವ ಗುಣವೂ ಬಂತು. ಈ ರೋಗದ ಶಿಲೀಂಧ್ರ ಬೀಜಕಣ ಮೊಳೆತು ಎಲೆಯೊಳಗೆ ಇಳಿಯಲು ಎಲೆ ಸುಮಾರು ಏಳು ಗಂಟೆ ಬಿಡದೆ ಒದ್ದೆಯಾಗಿರಬೇಕು. ಪರ್ಷಿಯಾದ ಒಣ ಹವೆಯಲ್ಲಿ ಅಂಥ ಸಂದರ್ಭ ಅಪರೂಪ. ಬೆಂಗಳೂರಿನ ಜುಲೈ, ಆಗಸ್ಟ್ ತಿಂಗಳ ಜಿಟಿಜಿಟಿ ಮಳೆಯಲ್ಲಿ ಅದು ದಿನವೂ ಒದಗುತ್ತದೆ. ಸಂಜೆ ಹೊತ್ತು ಎಲೆಗಳ ಮೇಲೆ ಪೈಪಿನಿಂದ ನೀರು ಹಾರಿಸುವವರು ಬೇಸಿಗೆಯಲ್ಲೂ ಆ ಶಿಲೀಂಧ್ರಕ್ಕೆ ಅನುಕೂಲ ಮಾಡಿಕೊಡುತ್ತಾರೆ. ವರ್ಷವರ್ಷವೂ ಎಲೆ ಉದುರಿಸಿಕೊಂಡ ಗಿಡದಲ್ಲಿ ಆಹಾರದ ದಾಸ್ತಾನು ಕರಗುತ್ತದೆ. ಆಮೇಲೆ ತುದಿಯಿಂದ ಕೆಳಕ್ಕೆ ಒಣಗುವ ರೋಗ ಹಿಡಿದರೆ ಗಿಡ ಏಳುವುದು ಕಷ್ಟ.

ಬಿಸಿಲಿನ ವಿಷಯವನ್ನು ನಾವು ಸಾಕಷ್ಟು ಗಂಭೀರವಾಗಿ ತೆಗೆದುಕೊಂಡಿಲ್ಲ ಎನಿಸುತ್ತದೆ. ನೆಟ್ಟಾಗ ಪಕ್ಕದ ಸೈಟು ಖಾಲಿಯಿರುತ್ತದೆ, ಮಾವಿನ ಗಿಡ ಸೊಂಟದೆತ್ತರ ಇರುತ್ತದೆ. ಹತ್ತು ವರ್ಷದಲ್ಲಿ ಸೈಟಿನಲ್ಲಿ ಮೂರು ಮಹಡಿ ಏಳುತ್ತದೆ, ಮಾವು ಅಂಗಳದ ಮೇಲೆ ಚಾಚುತ್ತದೆ. ಗುಲಾಬಿಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಅದು ಎಲೆಗಳಿಗೆ ಮಾತ್ರ ಬೇಕಾದದ್ದೆಂದು ತಿಳಿಯಬಾರದು. ತುದಿ ಕತ್ತರಿಸಿದರೆ ಕೆಳಗಿನ ಕಣ್ಣು ಕತ್ತಲಲ್ಲಿಯೂ ಒಡೆಯುವ ಸಸ್ಯಗಳು ಎಷ್ಟೋ ಇವೆ. ಗುಲಾಬಿಯ ಕಣ್ಣು ಹಾಗಲ್ಲ, ಅದರ ಮೇಲೆ ಬೆಳಕು ಬಿದ್ದರೇ ಒಡೆಯುವುದು ಎಂಬುದನ್ನು ಫ್ರಾನ್ಸಿನ ಪ್ರಯೋಗಗಳು ತೋರಿಸಿವೆ. ಗುಲಾಬಿಯ ಪ್ರತಿ ಕಾಂಡಕ್ಕೂ ಆಯಸ್ಸು ಕೆಲವೇ ವರ್ಷ. ಬುಡದಿಂದ ಹೊಸ ಕಾಂಡ ಏಳುತ್ತಿದ್ದರೆ ಗಿಡ ನವೀಕರಣಗೊಳ್ಳುತ್ತದೆ. ನೆರಳಾದ ಬುಡದಲ್ಲಿ ಕಣ್ಣುಗಳು ಒಡೆಯುವುದಿಲ್ಲ, ಹಳೆಯ ಕಾಂಡಗಳು ಮರದಂತೆ ಬಲಿತು ಮೇಲುತುದಿಯಲ್ಲಷ್ಟೇ ನಾಲ್ಕು ಎಲೆ ಹಿಡಿಯುತ್ತವೆ. ಸವರುವಾಗ ಗಿಡದ ನಡುವನ್ನು ಬಿಡಿಸಿ ಬುಡಕ್ಕೆ ಬಿಸಿಲು ಬೀಳುವಂತೆ ಮಾಡಬೇಕು ಎಂದು ಹಳಬರು ಹೇಳುತ್ತಿದ್ದುದಕ್ಕೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಕಿಲ್ಲ.

ಕೆಲವೊಮ್ಮೆ ಪೊದೆಯಾಗಿ ಬೆಳೆಯುತ್ತಿದ್ದ ಗುಲಾಬಿ ಒಂದು ವರ್ಷ ಇದ್ದಕ್ಕಿದ್ದಂತೆ ಆಳೆತ್ತರದ ಬಳ್ಳಿ ಚಿಮ್ಮಿಸುತ್ತದೆ. ಕಸಿ ಗಂಟಿನ ಮೇಲಿನಿಂದಲೇ ಹೊರಟಿದ್ದರೆ ಅದು ಬೇರುಸಸಿಯ ಕಿತಾಪತಿಯಲ್ಲ. ಅದರ ಕಥೆ ನನ್ನನ್ನು ಪ್ರತಿಸಲವೂ ಬೆರಗುಗೊಳಿಸುತ್ತದೆ. ಹೆಚ್ಚಿನ ಕಾಡುಗುಲಾಬಿಗಳು ವರ್ಷಕ್ಕೊಮ್ಮೆ ಮಾತ್ರ ಹೂ ಬಿಡುತ್ತವೆ, ಉಳಿದ ಕಾಲವೆಲ್ಲ ನೀಳ ಕಾಂಡ ಬೆಳೆಸುತ್ತವೆ. ಹೂ ಬಿಡುವುದನ್ನು ತಡೆಹಿಡಿಯುವ ಕೆಎಸ್ಎನ್ ಎಂಬ ಜೀನ್ ಅವುಗಳಲ್ಲಿ ಕೆಲಸ ಮಾಡುತ್ತಿರುತ್ತದೆ. ಚೀನಾದ ತೋಟಗಳ ಗುಲಾಬಿಯಲ್ಲಿ ಎಂದೋ ಒಂದು ಕಾಲದಲ್ಲಿ, ಜಾಗ ಬದಲಿಸುವ ಡಿಎನ್ಎ ತುಣುಕೊಂದು ಈ ಜೀನಿನ ನಡುವೆ ಬಂದು ಸೇರಿ ಅದನ್ನು ನಿಷ್ಕ್ರಿಯಗೊಳಿಸಿತು. ತಡೆ ಹೋದದ್ದರಿಂದ ಗಿಡ ಗಿಡ್ಡವಾಯಿತು, ವರ್ಷವಿಡೀ ಹೂ ಬಿಡತೊಡಗಿತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಈ ಗುಲಾಬಿಗಳು ಯುರೋಪು ತಲುಪಿದವು. ಬರುವ ಹಡಗುಗಳು ಕಲ್ಕತ್ತೆಯಲ್ಲಿ ತಂಗುತ್ತಿದ್ದುದರಿಂದ ಯುರೋಪಿನವರು ಇವನ್ನು ಬಂಗಾಳದ ಗುಲಾಬಿ ಎಂದೇ ಕರೆದರು. ಮೊದಲ ಹೈಬ್ರಿಡ್ ಟೀ ಎನಿಸಿಕೊಂಡ 1867ರ ‘ಲಾ ಫ್ರಾನ್ಸ್’ ಮೊದಲ್ಗೊಂಡು ನಮ್ಮ ಅಂಗಳದ ಗಿಡಗಳವರೆಗೆ ಹರಿದುಬಂದಿರುವುದು ಅದೇ ಮುರಿದ ಜೀನ್. 2012ರಲ್ಲಿ ಫ್ರಾನ್ಸ್ ಮತ್ತು ಜಪಾನಿನ ವಿಜ್ಞಾನಿಗಳು ಇದನ್ನು ಬಿಡಿಸಿ ತೋರಿಸಿದರು. ‘ಓಲ್ಡ್ ಬ್ಲಶ್’ ತಳಿಯ ಬಳ್ಳಿ ರೂಪವನ್ನು ಪರೀಕ್ಷಿಸಿದಾಗ, ಸೇರಿಕೊಂಡಿದ್ದ ತುಣುಕಿನ ಹೆಚ್ಚಿನ ಭಾಗ ಕಳಚಿಹೋಗಿ ಜೀನ್ ಮತ್ತೆ ಕೆಲಸಕ್ಕೆ ಇಳಿದಿರುವುದು ಕಂಡುಬಂತು. ಅಂಥ ಗಿಡ ಮತ್ತೆ ಕಾಡುಗುಲಾಬಿಯ ಹಾಗೆ ಹಬ್ಬಿ, ವರ್ಷಕ್ಕೊಮ್ಮೆ ಹೂ ತುಂಬಿ ನಿಲ್ಲುತ್ತದೆ.

ಸತ್ತ ಗಿಡದ ಗುಂಡಿಯಲ್ಲೇ ಹೊಸ ಗುಲಾಬಿ ನೆಟ್ಟರೆ ಅದು ಸಾಮಾನ್ಯವಾಗಿ ಏಳಿಗೆಯಾಗುವುದಿಲ್ಲ. ಸೇಬಿನ ತೋಟಗಳಲ್ಲೂ ಇದೇ ತೊಂದರೆಯಿದೆ. ವರ್ಷಗಟ್ಟಲೆ ಒಂದೇ ಜಾತಿಯ ಬೇರಿನ ಸುತ್ತ ನೆಲೆಸಿದ ಸೂಕ್ಷ್ಮಜೀವಿಗಳ ಸಮುದಾಯ ಹೊಸ ಗಿಡದ ಎಳೆ ಬೇರುಗಳನ್ನು ಹಾಳುಮಾಡುತ್ತದೆ. ಗುಂಡಿಯ ಮಣ್ಣನ್ನು ತೆಗೆದು, ಗುಲಾಬಿ ಬೆಳೆಯದ ಜಾಗದ ಮಣ್ಣು ತುಂಬಿದರೆ ಸರಿಹೋಗುತ್ತದೆ.

ತೋಟ ಹಳತಾದಂತೆ ಔಷಧಿ ಸಿಂಪಡಿಸುವ ಉತ್ಸಾಹವೂ ಇಳಿಯುತ್ತದೆ. ಅದು ಒಳ್ಳೆಯದಕ್ಕೇ. ಕೆಲವು ತಿಂಗಳಲ್ಲಿ ಎಲೆಗಳ ಅಂಚಿನಲ್ಲಿ ಕತ್ತರಿಯಲ್ಲಿ ಕತ್ತರಿಸಿದಷ್ಟು ನಯವಾದ ಅರ್ಧಚಂದ್ರಗಳು ಕಾಣುತ್ತವೆ. ಎಲೆ ಕತ್ತರಿಸುವ ಒಂಟಿ ಜೇನುಹುಳುಗಳ ಕೆಲಸವಿದು. ಹೆಣ್ಣು ಹುಳು ಎಲೆಯ ಅಂಚನ್ನು ಹಿಡಿದು ತನ್ನ ಸುತ್ತಲೇ ತಿರುಗುತ್ತ ಕೆಲವೇ ಸೆಕೆಂಡುಗಳಲ್ಲಿ ತುಣುಕು ಕತ್ತರಿಸಿ, ಹೊಟ್ಟೆಯಡಿ ಮಡಚಿಕೊಂಡು ಹಾರುತ್ತದೆ. ಗೋಡೆಯ ತೂತಿನಲ್ಲೋ ಟೊಳ್ಳು ಕಡ್ಡಿಯಲ್ಲೋ ಉದ್ದನೆಯ ತುಣುಕುಗಳಿಂದ ಗೂಡಿನ ಗೋಡೆ, ದುಂಡನೆಯದರಿಂದ ಮುಚ್ಚಳ. ಒಳಗೆ ಪರಾಗದ ಉಂಡೆ, ಅದರ ಮೇಲೊಂದು ಮೊಟ್ಟೆ. ಗಿಡಕ್ಕೆ ಇದರಿಂದ ಲೆಕ್ಕಕ್ಕೆ ಬರುವಂಥ ನಷ್ಟವಿಲ್ಲ. ದಯವಿಟ್ಟು ಇದನ್ನು ರೋಗವೆಂದು ತಿಳಿದು ಔಷಧಿ ಹೊಡೆಯಬೇಡಿ.

ಇಷ್ಟೆಲ್ಲ ದಾಟಿ ಉಳಿಯುವ ಪನ್ನೀರು ಗುಲಾಬಿಗೆ ಎಡ್ವರ್ಡ್ ಗುಲಾಬಿ ಎಂಬ ಹೆಸರೂ ಇದೆ. ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದಲ್ಲಿ ಚೀನಾದ ಗುಲಾಬಿಗೂ ಡಮಾಸ್ಕ್ ಗುಲಾಬಿಗೂ ತಾನಾಗಿ ಬೆರಕೆಯಾಗಿ ಹುಟ್ಟಿದ ಬೂರ್ಬೋನ್ ಕುಲಕ್ಕೆ ಸೇರಿದ್ದು. ಸೆಕೆ, ಮಳೆ ಎರಡನ್ನೂ ಕಂಡ ವಂಶ. ಕಡ್ಡಿಯಿಂದಲೇ ಬರುವುದರಿಂದ ಇದರ ಬೇರು ಇದರದ್ದೇ, ಬುಡದಿಂದ ಯಾವ ಚಿಗುರು ಎದ್ದರೂ ಅದೇ ಹೂವು. ನಮ್ಮ ಹವೆಗೆ ಹೊಂದುವ ಗುಲಾಬಿ ಬೇಕೆಂದು ಕೊಡೈಕೆನಾಲ್‌ನಲ್ಲಿ ಎಂ.ಎಸ್. ವೀರರಾಘವನ್ ಮತ್ತು ಗಿರಿಜಾ ವೀರರಾಘವನ್ ದಂಪತಿ ಮಣಿಪುರದ ಕಾಡುಗಳ ರೋಸಾ ಜೈಗ್ಯಾಂಟಿಯಾ, ಬಂಗಾಳದ ಜೌಗಿನಲ್ಲೂ ಬೆಳೆಯುವ ರೋಸಾ ಕ್ಲೈನೋಫಿಲ್ಲಾ ಬಳಸಿ ತಳಿಗಳನ್ನು ರೂಪಿಸಿದ್ದಾರೆ. ಅಂಥವು ನಮ್ಮ ನರ್ಸರಿಗಳಲ್ಲಿ ಹೇರಳವಾಗಿ ಸಿಗಬೇಕು. ಅಲ್ಲಿಯವರೆಗೆ, ಅಂಗಳದಲ್ಲಿ ಬಹುಕಾಲ ಬಾಳಿದ ಗಿಡ ಯಾವುದೋ ಅದರ ಪೆನ್ಸಿಲ್ ದಪ್ಪದ ಕಡ್ಡಿಗಳನ್ನು ಮಳೆ ಹಿಡಿದ ಮೇಲೆ ಒಂದು ಗೇಣುದ್ದ ಕತ್ತರಿಸಿ, ಮರಳು ಬೆರೆಸಿದ ಮಣ್ಣಿನಲ್ಲಿ ನೆರಳಿಗೆ ಚುಚ್ಚಿಡಿ. ಬೇರು ಬಂದವನ್ನು ಬಿಸಿಲಿರುವ ತಾರಸಿಯ ಕುಂಡಕ್ಕೆ ಸಾಗಿಸಿ. ಪಕ್ಕದ ಮನೆಯವರಿಗೂ ಎರಡು ಕೊಡಿ.