ಮೊಬೈಲ್ ತೆರೆಯ ಕರಿನೆಲ ಬಿಳಿನೆಲಗಳೂ ಕಣ್ಣಿನ ಸೌಖ್ಯವೂ

೧. ವಿಷಯಪ್ರವೇಶ

ಅಕ್ಷರವು ಕಪ್ಪಾಗಿ ನೆಲವು ಬೆಳ್ಳಗಿರಬೇಕೋ, ನೆಲವು ಕಪ್ಪಾಗಿ ಅಕ್ಷರವು ಬೆಳ್ಳಗಿರಬೇಕೋ ಎಂಬುದು ಮೊಬೈಲ್ ಫೋನುಗಳು ಬಂದಮೇಲೆ ಹುಟ್ಟಿದ ಪ್ರಶ್ನೆಯಲ್ಲ. ಕನ್ನಡನಾಡಿನಲ್ಲಿ ಈ ಎರಡು ಕ್ರಮಗಳೂ ಬಹುಕಾಲ ಜೊತೆಜೊತೆಯಾಗಿ ನಡೆದುಬಂದಿವೆ. ತಾಳೆಯೋಲೆಯ ಮೇಲೆ ಕಬ್ಬಿಣದ ಮೊನೆಯಿಂದ ಕೊರೆದು ಮಸಿಯನ್ನು ತೊಡೆದರೆ ತಿಳಿಬಣ್ಣದ ನೆಲದ ಮೇಲೆ ಕರಿಯ ಅಕ್ಷರಗಳು ಮೂಡುತ್ತಿದ್ದುವು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಡತದ ಮೇಲೆ ಬಳಪದಿಂದ ಬರೆದರೆ ಕರಿಯ ನೆಲದ ಮೇಲೆ ಬಿಳಿಯ ಅಕ್ಷರಗಳು ಮೂಡುತ್ತಿದ್ದುವು. ಕಾವ್ಯಶಾಸ್ತ್ರಗಳನ್ನು ಓಲೆಯಲ್ಲಿಯೂ ಲೆಕ್ಕಪತ್ರಗಳನ್ನು ಕಡತದಲ್ಲಿಯೂ ಬರೆಯುವುದು ಸಾಮಾನ್ಯವಾದ ಪದ್ಧತಿಯಾಗಿದ್ದಿತು.

ಇಂದು ವಾಟ್ಸಾಪ್, ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಮೊದಲಾದ ಸಾಮಾಜಿಕ ಜಾಲತಾಣಗಳ ಆ್ಯಪ್‌ಗಳಲ್ಲಿ ಈ ಎರಡರಲ್ಲೊಂದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವು ಓದುವವನ ಕೈಯಲ್ಲಿಯೇ ಇರುವುದು. ಲೈಟ್ ಮೋಡ್ ಎಂದು ವ್ಯವಹಾರದಲ್ಲಿರುವುದನ್ನು ಇಲ್ಲಿ ಬಿಳಿನೆಲವೆಂದೂ, ಡಾರ್ಕ್ ಮೋಡ್ ಎಂಬುದನ್ನು ಕರಿನೆಲವೆಂದೂ ಕರೆಯಲಾಗುವುದು. ಕರಿನೆಲವು ಬ್ಯಾಟರಿಗೆ ಉಳಿತಾಯ, ಕಣ್ಣಿಗೆ ಹಿತ, ನಿದ್ರೆಗೆ ಅನುಕೂಲ ಎಂಬ ಮೂರು ಮಾತುಗಳು ಜನರಲ್ಲಿ ಹರಡಿವೆ. ಇವುಗಳಲ್ಲಿ ಯಾವುದು ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ಪರೀಕ್ಷಿಸುವುದು ಅವಶ್ಯಕ. ಏಕೆಂದರೆ, ಕನ್ನಡಕದ ಅಗತ್ಯವುಳ್ಳವನು ತಲೆನೋವಿಗೆ ಬಿಳಿನೆಲವೇ ಕಾರಣವೆಂದು ತಿಳಿದು ಬಣ್ಣವನ್ನು ಬದಲಾಯಿಸಿ ಸುಮ್ಮನಾದರೆ ನಿಜವಾದ ದೋಷವು ಹಾಗೆಯೇ ಉಳಿಯುತ್ತದೆ.

ವಿಚಾರಕ್ಕೆ ತೊಡಗುವ ಮೊದಲು ಒಂದು ಭೇದವನ್ನು ಗಮನಿಸತಕ್ಕದ್ದು. ಓಲೆಯೂ ಕಡತವೂ ಕಾಗದವೂ ತಮ್ಮ ಮೇಲೆ ಬಿದ್ದ ಬೆಳಕನ್ನೇ ಹಿಂದಿರುಗಿಸತಕ್ಕವು. ದೀಪವು ಮಂಕಾದರೆ ಹಾಳೆಯೂ ಅದೇ ಪ್ರಮಾಣದಲ್ಲಿ ಮಂಕಾಗುತ್ತದೆ. ಆದುದರಿಂದ ಹಾಳೆಗೂ ಸುತ್ತಲಿನ ಕೋಣೆಗೂ ಇರುವ ಹೊಂದಿಕೆಯು ತಾನಾಗಿಯೇ ಉಳಿದುಬರುವುದು. ಮೊಬೈಲಿನ ತೆರೆಯಾದರೋ ತನ್ನ ಬೆಳಕನ್ನು ತಾನೇ ಸೂಸುವುದು. ಸುತ್ತಲೂ ಕತ್ತಲೆಯಿದ್ದಾಗಲೂ ಅದು ಹಗಲಿನಂತೆ ಉರಿಯಬಲ್ಲುದು. ಕರಿನೆಲ ಬಿಳಿನೆಲಗಳ ವಿವಾದದಲ್ಲಿ ಬಹುಭಾಗವು ಈ ಹೊಂದಿಕೆ ತಪ್ಪಿದುದರಿಂದಲೇ ಹುಟ್ಟಿರುವುದೆಂದು ಮುಂದೆ ತಿಳಿದುಬರುವುದು.

೨. ಎರಡು ನೆಲಗಳ ಚರಿತ್ರೆ

ಹಿಂದಿನ ಕಂಪ್ಯೂಟರುಗಳ ತೆರೆಗಳು ಬಹುಮಟ್ಟಿಗೆ ಕರಿನೆಲದವಾಗಿದ್ದುವು. ಕಪ್ಪು ಗಾಜಿನ ಮೇಲೆ ಹಸುರು ಇಲ್ಲವೆ ಬಿಳಿಯ ಅಕ್ಷರಗಳು ಹೊಳೆಯುತ್ತಿದ್ದುವು. ೧೯೭೩ರಲ್ಲಿ ಅಮೆರಿಕದ ಪಾಲೋ ಆಲ್ಟೋ ನಗರದ ಜೆರಾಕ್ಸ್ ಸಂಶೋಧನಾಲಯದಲ್ಲಿ ನಿರ್ಮಿತವಾದ ಆಲ್ಟೋ ಎಂಬ ಯಂತ್ರವು ಕಾಗದವನ್ನೇ ಮಾದರಿಯಾಗಿಟ್ಟುಕೊಂಡು ಬಿಳಿಯ ತೆರೆಯ ಮೇಲೆ ಕರಿಯ ಅಕ್ಷರಗಳನ್ನು ತೋರಿಸಿತು. ೧೯೮೪ರಲ್ಲಿ ಬಂದ ಮ್ಯಾಕಿಂಟಾಷ್ ಈ ಕ್ರಮವನ್ನು ಮನೆಮನೆಗೆ ಕೊಂಡೊಯ್ದಿತು. ಮೊದಲಿನ ಸ್ಮಾರ್ಟ್‌ಫೋನುಗಳ ಸಾಮಾಜಿಕ ಜಾಲತಾಣಗಳಲ್ಲಿಯೂ ಬಿಳಿನೆಲವೇ ರೂಢಿಯಾಯಿತು.

ಕರಿನೆಲವು ಹಿಂದಿರುಗಿದ್ದು ಮೊಬೈಲ್ ರಾತ್ರಿಯ ಸಂಗಾತಿಯಾದ ಮೇಲೆ. ಆಗ ಟ್ವಿಟರ್ ಎಂಬ ಹೆಸರಿದ್ದ, ೨೦೨೩ರಿಂದ ಎಕ್ಸ್ ಎಂದು ಕರೆಯಲ್ಪಡುವ ಆ್ಯಪ್‌ನಲ್ಲಿ ೨೦೧೬ರಲ್ಲಿ ರಾತ್ರಿಯ ಕ್ರಮವೊಂದು ಬಂದಿತು. ೨೦೧೯ರಲ್ಲಿ ಆಂಡ್ರಾಯ್ಡ್ ೧೦ ಮತ್ತು ಐಒಎಸ್ ೧೩ ಎಂಬ ವ್ಯವಸ್ಥೆಗಳೆರಡೂ ಇಡೀ ಫೋನಿಗೆ ಕರಿನೆಲವನ್ನು ಒದಗಿಸಿದುವು. ಇನ್‌ಸ್ಟಾಗ್ರಾಂ ಅದೇ ವರ್ಷದಲ್ಲಿಯೂ ವಾಟ್ಸಾಪ್ ೨೦೨೦ರ ಮಾರ್ಚಿಯಲ್ಲಿಯೂ ಅದನ್ನು ಅನುಸರಿಸಿದುವು. ಅಚ್ಚಕಪ್ಪು ಅಚ್ಚಬಿಳುಪುಗಳನ್ನು ಒಂದರ ಪಕ್ಕದಲ್ಲೊಂದಿಟ್ಟರೆ ವ್ಯತ್ಯಾಸವು ಅತಿಯಾಗಿ ಕಣ್ಣು ದಣಿಯಬಹುದೆಂದು ಹೇಳಿ, ವಾಟ್ಸಾಪಿನವರು ಗಾಢವಾದ ಬೂದುನೆಲವನ್ನೂ ಕೊಂಚ ಮಾಸಿದ ಬಿಳಿಯ ಅಕ್ಷರಗಳನ್ನೂ ಆರಿಸಿಕೊಂಡರು.

ಬ್ಯಾಟರಿಯ ಮಾತನ್ನು ಇಲ್ಲಿಯೇ ಮುಗಿಸಬಹುದು. ಎಲ್‌ಸಿಡಿ ಜಾತಿಯ ತೆರೆಯಲ್ಲಿ ಹಿಂಬದಿಯ ದೀಪವು ಸಾಮಾನ್ಯವಾಗಿ ಒಂದೇ ಸಮನೆ ಉರಿಯುವುದರಿಂದ ನೆಲವು ಕಪ್ಪಾದರೂ ಉಳಿತಾಯವು ಅತ್ಯಲ್ಪ. ಒಎಲ್‌ಇಡಿ ಜಾತಿಯಲ್ಲಿ ಒಂದೊಂದು ಬಿಂದುವೂ ತಾನೇ ದೀಪವಾಗಿರುವುದರಿಂದ ಕಪ್ಪು ಬಿಂದುವು ಆರಿದ ದೀಪಕ್ಕೆ ಸಮಾನ. ೨೦೨೧ರಲ್ಲಿ ಪರ್ಡ್ಯೂ ವಿಶ್ವವಿದ್ಯಾನಿಲಯದ ವಿದ್ವಾಂಸರು ಅಳೆದು ನೋಡಿದಾಗ, ತೆರೆಯ ಬೆಳಕು ಪೂರ್ಣವಾಗಿದ್ದರೆ ಕರಿನೆಲದಿಂದ ಸರಾಸರಿ ನೂರಕ್ಕೆ ೩೯ರಿಂದ ೪೭ರಷ್ಟು ಶಕ್ತಿಯು ಉಳಿಯುವುದೆಂದೂ, ಬೆಳಕು ೩೦ರಿಂದ ೫೦ ಅಂಶದಷ್ಟಿದ್ದರೆ ೩ರಿಂದ ೯ರಷ್ಟು ಮಾತ್ರ ಉಳಿಯುವುದೆಂದೂ ಕಂಡುಬಂದಿತು. ಈ ಲಾಭವು ನಿಜವಾದರೂ ಕಣ್ಣಿಗೆ ಸಂಬಂಧಪಟ್ಟುದಲ್ಲ.

೩. ಪಾಪೆಯ ವ್ಯಾಪಾರ

ಕಣ್ಣಿನ ಪಾಪೆಯು ಬೆಳಕು ಹೆಚ್ಚಿದಾಗ ಸುಮಾರು ೨ ಮಿಲಿಮೀಟರಿನವರೆಗೆ ಕುಗ್ಗಿ, ಕತ್ತಲೆಯಲ್ಲಿ ಸುಮಾರು ೮ ಮಿಲಿಮೀಟರಿನವರೆಗೆ ಹಿಗ್ಗುವುದು. ಪಾಪೆಯು ಕುಗ್ಗಿದಾಗ ಬೆಳಕು ಮಸೂರದ ನಡುಭಾಗದಿಂದ ಮಾತ್ರ ಒಳಹೊಗುವುದರಿಂದ ಅಂಚುಗಳ ದೋಷಗಳು ತಗ್ಗಿ, ಅಕ್ಷಿಪಟಲದ ಮೇಲೆ ಬೀಳುವ ಬಿಂಬವು ಸ್ಫುಟವಾಗುತ್ತದೆ. ಬಿಳಿನೆಲದಿಂದ ಹೆಚ್ಚು ಬೆಳಕು ಬರುವುದು, ಪಾಪೆ ಕುಗ್ಗುವುದು, ಅಕ್ಷರ ಸ್ಪಷ್ಟವಾಗುವುದು. ಕರಿನೆಲದಲ್ಲಿ ಇದರ ವಿಪರ್ಯಾಸ. ಸಮದೃಷ್ಟಿಯಿಲ್ಲದೆ ಕನ್ನಡಕವನ್ನೂ ಧರಿಸದವರಿಗೆ ಹಿಗ್ಗಿದ ಪಾಪೆಯಿಂದ ಮಸಕು ಇನ್ನೂ ಹೆಚ್ಚುವುದು. ಬಿಳಿಯ ಅಕ್ಷರದ ಅಂಚು ಕರಿಯ ನೆಲಕ್ಕೆ ಹರಡಿದಂತೆ ತೋರುವುದು.

ಇದು ಕೇವಲ ಊಹೆಯಲ್ಲ. ಜರ್ಮನಿಯ ಡ್ಯುಸೆಲ್‌ಡಾರ್ಫ್ ವಿಶ್ವವಿದ್ಯಾನಿಲಯದ ಪೀಪೆನ್‌ಬ್ರಾಕ್, ಮಾಯರ್, ಬುಕ್ನರ್ ಮೊದಲಾದವರು ೨೦೧೩ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ ತರುಣರಿಗೂ ವೃದ್ಧರಿಗೂ ಸಮಾನವಾಗಿ ಬಿಳಿನೆಲದ ಮೇಲೆ ದೃಷ್ಟಿಯ ಸೂಕ್ಷ್ಮತೆಯೂ ಅಕ್ಷರದೋಷಗಳನ್ನು ಹುಡುಕುವ ಸಾಮರ್ಥ್ಯವೂ ಹೆಚ್ಚಾಗಿ ಕಂಡುಬಂದುವು. ೨೦೧೪ರ ಪರೀಕ್ಷೆಗಳಲ್ಲಿ ಅಕ್ಷರವು ಸಣ್ಣದಾದಷ್ಟೂ ಬಿಳಿನೆಲದ ಲಾಭವು ಹೆಚ್ಚುವುದೆಂದು ತಿಳಿದುಬಂದಿತು.

ಈ ಕೊನೆಯ ಮಾತು ಕನ್ನಡದ ಓದುಗರಿಗೆ ವಿಶೇಷವಾಗಿ ಲಕ್ಷ್ಯಕ್ಕೆ ಬರಬೇಕಾದುದು. ಕನ್ನಡ ಲಿಪಿಯಲ್ಲಿ ಒತ್ತಕ್ಷರಗಳು ಮೂಲಾಕ್ಷರದ ಕೆಳಗೆ ಅದಕ್ಕಿಂತ ಚಿಕ್ಕದಾಗಿ ನಿಲ್ಲುತ್ತವೆ. ‘ರಾಷ್ಟ್ರ’, ‘ವೈಶಿಷ್ಟ್ಯ’ ಎಂಬಲ್ಲಿ ಒಂದರ ಕೆಳಗೆ ಎರಡು ಒತ್ತುಗಳು ಸೇರುತ್ತವೆ. ದ ಧ, ಡ ಢ, ಬ ಭ ಎಂಬ ಜೋಡಿಗಳಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳ ಭೇದವು ಒಂದು ಸಣ್ಣ ಗೀಟಿನಲ್ಲಿ ಅಡಗಿರುವುದು. ಪಕಾರ ಷಕಾರಗಳ ಭೇದವೂ ಅಷ್ಟೇ. ಮೇಲಣ ಅಕ್ಷರವು ಓದಲು ಸಾಕಷ್ಟು ದೊಡ್ಡದಾಗಿದ್ದಾಗಲೂ ಅದರ ಒತ್ತು ಸಾಲದಷ್ಟು ಚಿಕ್ಕದಾಗಿರಬಹುದು. ಆದುದರಿಂದ ಕರಿನೆಲವನ್ನು ಆರಿಸುವ ಕನ್ನಡಿಗನು ಅಕ್ಷರದ ಗಾತ್ರವನ್ನೂ ಒಂದು ಮೆಟ್ಟಲು ಹೆಚ್ಚಿಸಿಕೊಳ್ಳುವುದು ಯುಕ್ತ.

ಬಿಳಿನೆಲದ ಈ ಮೇಲ್ಮೆಗೆ ಮುಖ್ಯವಾದ ಅಪವಾದವೊಂದುಂಟು. ಕಣ್ಣಿನೊಳಗಣ ಪಾರದರ್ಶಕ ಭಾಗಗಳು ಮಬ್ಬಾದವರಿಗೆ, ಎಂದರೆ ಪೊರೆ ಮೊದಲಾದುವು ಬಂದವರಿಗೆ, ಬಿಳಿನೆಲದ ಬೆಳಕೆಲ್ಲವೂ ಕಣ್ಣಿನೊಳಗೆ ಚೆದರಿ ಅಕ್ಷರದ ಮೇಲೆ ಮಂಜಿನಂತೆ ಕವಿಯುವುದು. ಇಂಥವರು ಕರಿನೆಲದ ಮೇಲೆ ಹೆಚ್ಚು ವೇಗವಾಗಿ ಓದುವರೆಂದು ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾನಿಲಯದ ಗಾರ್ಡನ್ ಲೆಗ್ ಮತ್ತು ಅವರ ಸಹೋದ್ಯೋಗಿಗಳು ೧೯೮೫ರಲ್ಲಿಯೇ ತೋರಿಸಿದರು. ಹೀಗಿರಲು, ಮನೆಯ ಹಿರಿಯರು ಫೋನನ್ನು ಕರಿನೆಲಕ್ಕೆ ತಿರುಗಿಸಿಕೊಂಡರೆ ಅದನ್ನು ಚಪಲವೆಂದು ಭಾವಿಸಕೂಡದು. ಆದರೆ ಹೊಸದಾಗಿ ಬಿಳಿನೆಲವು ಕಣ್ಣು ಕೋರೈಸುವಂತೆ ತೋರತೊಡಗಿದರೆ ಪೊರೆಯ ಪರೀಕ್ಷೆಯನ್ನು ಮಾಡಿಸಿಕೊಳ್ಳುವುದು ಲೇಸು.

ಮತ್ತೊಂದು ಪರೀಕ್ಷೆಯು ಮಕ್ಕಳ ಸಮೀಪದೃಷ್ಟಿಗೆ ಸಂಬಂಧಪಟ್ಟುದು. ೨೦೧೮ರಲ್ಲಿ ಜರ್ಮನಿಯ ಟ್ಯೂಬಿಂಗನ್ನಿನ ಸಂಶೋಧಕರು, ಕರಿಯ ಅಕ್ಷರಗಳನ್ನು ಬಿಳಿನೆಲದ ಮೇಲೆ ಒಂದು ಗಂಟೆಯ ಕಾಲ ಓದಿದವರಲ್ಲಿ ಅಕ್ಷಿಪಟಲದ ಹಿಂದಣ ಕೊರಾಯ್ಡ್ ಎಂಬ ಪದರವು ಕಿಂಚಿತ್ತು ತೆಳುವಾಗುವುದನ್ನೂ, ಬಿಳಿಯ ಅಕ್ಷರಗಳನ್ನು ಕರಿನೆಲದ ಮೇಲೆ ಓದಿದವರಲ್ಲಿ ಅದು ದಪ್ಪವಾಗುವುದನ್ನೂ ಕಂಡರು. ಆ ಪದರವು ತೆಳುವಾಗುವುದು ಸಮೀಪದೃಷ್ಟಿಯ ಬೆಳವಣಿಗೆಯೊಡನೆ ಕಂಡುಬರುವ ಲಕ್ಷಣ. ಪರೀಕ್ಷೆಗೊಳಗಾದವರು ಕೆಲವರೇ, ಕಾಲವೂ ಅಲ್ಪ. ಆದುದರಿಂದ ಕರಿನೆಲವು ಸಮೀಪದೃಷ್ಟಿಯನ್ನು ತಡೆಯುವುದೆಂದು ಇಷ್ಟರಿಂದಲೇ ಸಿದ್ಧಾಂತಮಾಡಲಾಗದು.

೪. ರಾತ್ರಿಯ ಬೆಳಕು

ಕಣ್ಣಿನಲ್ಲಿ ನೋಡುವ ಕಣಗಳಲ್ಲದೆ ಹಗಲು ರಾತ್ರಿಗಳನ್ನು ದೇಹಕ್ಕೆ ತಿಳಿಸುವ ಬೇರೊಂದು ಬಗೆಯ ಕಣಗಳೂ ಇರುವುವೆಂದು ೨೦೦೨ರಲ್ಲಿ ಸ್ಪಷ್ಟವಾಯಿತು. ಮೆಲನಾಪ್ಸಿನ್ ಎಂಬ ವಸ್ತುವುಳ್ಳ ಈ ಕಣಗಳು ಸುಮಾರು ೪೮೦ ನ್ಯಾನೋಮೀಟರ್ ಅಲೆಯುದ್ದದ ನೀಲಿಬೆಳಕಿಗೆ ಅತ್ಯಂತ ಸುಲಭವಾಗಿ ಓಗೊಡುವುವು. ರಾತ್ರಿ ಅವು ಎಚ್ಚೆತ್ತರೆ ನಿದ್ರೆಗೆ ಸಿದ್ಧಗೊಳಿಸುವ ಮೆಲಟೋನಿನ್ ರಸವು ತಗ್ಗುವುದು. ೨೦೧೪ರ ಕೊನೆಯಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ ೧೨ ಮಂದಿಯು ಮಲಗುವ ಮುನ್ನ ನಾಲ್ಕು ಗಂಟೆಗಳ ಕಾಲ ಬೆಳಗುವ ತೆರೆಯಲ್ಲಿ ಓದಿದಾಗ, ಅಚ್ಚಾದ ಪುಸ್ತಕವನ್ನು ಓದಿದ ದಿನಗಳಿಗಿಂತ ಸುಮಾರು ಹತ್ತು ನಿಮಿಷ ತಡವಾಗಿ ನಿದ್ರೆ ಬಂದಿತು.

ಇದರಿಂದ ನೀಲಿಯೇ ಸರ್ವದೋಷಕ್ಕೆ ಮೂಲವೆಂಬ ಅಭಿಪ್ರಾಯವು ಹಬ್ಬಿತು. ಆದರೆ ತೆರೆಯನ್ನು ರಾತ್ರಿ ಹಳದಿಗೆ ತಿರುಗಿಸುವ ಏರ್ಪಾಡನ್ನು ೨೦೨೧ರಲ್ಲಿ ಬ್ರಿಗಂ ಯಂಗ್ ವಿಶ್ವವಿದ್ಯಾನಿಲಯದವರು ೧೬೭ ಮಂದಿ ತರುಣರಲ್ಲಿ ಪರೀಕ್ಷಿಸಿದಾಗ, ಆ ಏರ್ಪಾಡನ್ನು ಬಳಸಿದವರ ಮತ್ತು ಬಳಸದವರ ನಿದ್ರೆಯಲ್ಲಿ ಗಮನಾರ್ಹವಾದ ವ್ಯತ್ಯಾಸ ತೋರಲಿಲ್ಲ. ನೀಲಿಯನ್ನು ಸೋಸುವ ಕನ್ನಡಕಗಳ ವಿಷಯದಲ್ಲಿ ನಡೆದ ೧೭ ಪರೀಕ್ಷೆಗಳನ್ನು ಒಟ್ಟುಗೂಡಿಸಿ ತೂಗಿದ ೨೦೨೩ರ ಕಾಕ್ರೇನ್ ಸಮೀಕ್ಷೆಯು, ಅವುಗಳಿಂದ ತತ್ಕಾಲದ ಕಣ್ಣಿನ ದಣಿವು ಪ್ರಾಯಶಃ ಕಡಮೆಯಾಗದೆಂದು ನಿರ್ಣಯಿಸಿತು. ತೆರೆಯಿಂದ ಬರುವ ಬೆಳಕಿನ ಒಟ್ಟು ಮೊತ್ತವೂ, ಓದುವ ಹೊತ್ತೂ, ಓದಿದ ವಿಷಯವು ಮನಸ್ಸಿನಲ್ಲಿ ಎಬ್ಬಿಸುವ ಕಳವಳವೂ ಗಣನೆಗೆ ಬರತಕ್ಕವು. ಕರಿನೆಲವು ಮೊದಲನೆಯದನ್ನು ತಗ್ಗಿಸುವುದು ನಿಜ. ಅದರಿಂದ ಇತರರ ನಿದ್ರೆಗೂ ಭಂಗ ಕಡಮೆ. ಉಳಿದೆರಡರ ಮೇಲೆ ಅದಕ್ಕೆ ಅಧಿಕಾರವಿಲ್ಲ.

೫. ದಣಿವಿನ ಇತರ ಕಾರಣಗಳು

ಕಣ್ಣಿನ ಉರಿ, ಒಣಗುವಿಕೆ, ಭಾರ ಎಂದು ಜನರು ಹೇಳಿಕೊಳ್ಳುವ ತೊಂದರೆಗಳಲ್ಲಿ ಹೆಚ್ಚಿನವು ನೆಲದ ಬಣ್ಣಕ್ಕೆ ಸಂಬಂಧಪಟ್ಟುವಲ್ಲ. ೧೯೯೩ರಲ್ಲಿ ಜಪಾನಿನ ಟ್ಸುಬೋಟಾ ಮತ್ತು ನಾಕಮೋರಿ ಎಂಬವರು ರೆಪ್ಪೆ ಬಡಿಯುವುದನ್ನು ಎಣಿಸಿದರು. ವಿಶ್ರಾಂತಿಯಲ್ಲಿದ್ದಾಗ ನಿಮಿಷಕ್ಕೆ ಸರಾಸರಿ ೨೨ ಸಲ, ಪುಸ್ತಕವನ್ನು ಓದುವಾಗ ೧೦ ಸಲ, ತೆರೆಯನ್ನು ನೋಡುವಾಗ ೭ ಸಲ ಎಂದು ಲೆಕ್ಕ ಬಂದಿತು. ರೆಪ್ಪೆಯು ಬಡಿಯದಿದ್ದರೆ ಕಣ್ಣೀರಿನ ತೆಳುಪೊರೆಯು ಒಡೆದು ಕಣ್ಣು ಒಣಗುವುದು. ಕೈಯಳತೆಯಲ್ಲಿರುವ ತೆರೆಯನ್ನು ಎಡೆಬಿಡದೆ ನೋಡುವಾಗ ಕಣ್ಣಿನೊಳಗಣ ಸ್ನಾಯುವು ಬಿಗಿದೇ ಇರುವುದು. ಇಪ್ಪತ್ತು ನಿಮಿಷಗಳಿಗೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡುಗಳ ಕಾಲ ನೋಡಬೇಕೆಂಬ ಉಪದೇಶದ ಅಭಿಪ್ರಾಯವು ಈ ಬಿಗಿತವನ್ನು ಸಡಿಲಿಸುವುದೇ ಆಗಿದೆ.

ಬಣ್ಣವು ತೊಂದರೆಗೆ ಕಾರಣವಾಗುವುದು ಅಕ್ಷರಕ್ಕೂ ನೆಲಕ್ಕೂ ಸಾಕಷ್ಟು ಅಂತರವಿಲ್ಲದಾಗ. ಅಂತರ್ಜಾಲದ ಮಾನಗಳನ್ನು ಗೊತ್ತುಮಾಡುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ೨೦೦೮ರಲ್ಲಿ ವಿಧಿಸಿದ ಮೇರೆಗೆ, ಸಾಮಾನ್ಯ ಅಕ್ಷರಗಳಿಗೆ ಈ ಅಂತರವು ೪.೫ಕ್ಕೆ ೧ಕ್ಕಿಂತ ಕಡಮೆಯಿರಕೂಡದು. ಅಚ್ಚಕಪ್ಪು ಅಚ್ಚಬಿಳುಪುಗಳ ಅಂತರವು ೨೧ಕ್ಕೆ ೧. ಅದೇ ಸೂತ್ರದಿಂದ ಗಣಿಸಿದರೆ ಅಚ್ಚನೀಲಿಯ ಅಕ್ಷರವು ಬಿಳಿನೆಲದ ಮೇಲೆ ಸುಮಾರು ೮.೬ರ ಅಂತರವನ್ನು ಪಡೆಯುವುದು. ಕರಿನೆಲದ ಮೇಲೆ ೨.೪ ಮಾತ್ರ. ಆದುದರಿಂದ ನೆಲವನ್ನು ಮಾತ್ರ ಕಪ್ಪುಮಾಡಿ ಇತರ ಬಣ್ಣಗಳನ್ನು ಇದ್ದಂತೆಯೇ ಬಿಟ್ಟ ಆ್ಯಪ್ ಕಣ್ಣಿಗೆ ಉಪಕಾರವನ್ನಲ್ಲ, ಅಪಕಾರವನ್ನು ಮಾಡುವುದು. ಕೆಂಪು ಹಸುರುಗಳ ಭೇದವು ಕಾಣದವರನ್ನೂ ಮರೆಯತಕ್ಕುದಲ್ಲ. ಫೇಸ್‌ಬುಕ್ಕಿನ ಸ್ಥಾಪಕರಾದ ಮಾರ್ಕ್ ಝುಕರ್‌ಬರ್ಗ್ ಅಂಥವರಲ್ಲೊಬ್ಬರು. ತಮಗೆ ನೀಲಿಯೇ ಅತ್ಯಂತ ಸಮೃದ್ಧವಾಗಿ ಕಾಣುವ ಬಣ್ಣವೆಂದು ಅವರು ೨೦೧೦ರಲ್ಲಿ ತಿಳಿಸಿದ್ದರು. ಆ ತಾಣದ ನೀಲಿಗೆ ಹಿನ್ನೆಲೆಯು ಇದೇ.

೬. ಉಪಸಂಹಾರ

ಮೇಲಣ ವಿಚಾರದಿಂದ ಸಿದ್ಧವಾಗುವ ಅಂಶಗಳು ಇವು. ಹಗಲಿನಲ್ಲಿಯೂ ಚೆನ್ನಾಗಿ ಬೆಳಕಿರುವ ಕೋಣೆಯಲ್ಲಿಯೂ ಸಮದೃಷ್ಟಿಯುಳ್ಳವರಿಗೆ, ವಿಶೇಷವಾಗಿ ಸಣ್ಣ ಅಕ್ಷರಗಳ ಓದಿಗೆ, ಬಿಳಿನೆಲವೇ ಉತ್ತಮ. ಕತ್ತಲೆಯಲ್ಲಿ ಓದುವುದು ಅನಿವಾರ್ಯವಾದರೆ ಬೂದುಗಪ್ಪಿನ ನೆಲವೂ ದೊಡ್ಡ ಅಕ್ಷರವೂ ಹಿತಕರ. ಅದಕ್ಕಿಂತಲೂ ಕೋಣೆಯಲ್ಲೊಂದು ದೀಪವನ್ನಿಟ್ಟು ತೆರೆಯ ಬೆಳಕನ್ನು ಅದಕ್ಕೆ ಸರಿಯಾಗಿ ತಗ್ಗಿಸುವುದು ಮೇಲು. ಪೊರೆ ಮುಂತಾದುವುಗಳಿಂದ ದೃಷ್ಟಿ ಮಬ್ಬಾದವರಿಗೆ ಎಲ್ಲ ಹೊತ್ತಿನಲ್ಲಿಯೂ ಕರಿನೆಲವು ಅನುಕೂಲವಾಗಬಹುದು. ನೆಲವು ಯಾವುದೇ ಆಗಲಿ, ರೆಪ್ಪೆ ಬಡಿಯುವುದಕ್ಕೂ ದೂರವನ್ನು ನೋಡುವುದಕ್ಕೂ ಹೊತ್ತಿಗೆ ಸರಿಯಾಗಿ ಫೋನನ್ನು ಕೆಳಗಿಡುವುದಕ್ಕೂ ಬದಲಿಯಿಲ್ಲ.

ಇಲ್ಲಿ ಹೇಳಿದ ಓದಿನ ಪರೀಕ್ಷೆಗಳು ರೋಮನ್ ಲಿಪಿಯನ್ನು ಆಧಾರವಾಗಿಟ್ಟುಕೊಂಡು ನಡೆದವು. ಒತ್ತು, ದೀರ್ಘ, ಸುಳಿಗಳಿಂದ ತುಂಬಿದ ಕನ್ನಡ ಲಿಪಿಯನ್ನೇ ತೆಗೆದುಕೊಂಡು, ಎರಡು ನೆಲಗಳ ಮೇಲೆಯೂ ಬೇರೆ ಬೇರೆ ಗಾತ್ರಗಳಲ್ಲಿಯೂ ನಾನಾ ವಯಸ್ಸಿನ ಓದುಗರಿಂದ ಓದಿಸಿ ಅಳೆಯುವುದು ನೇತ್ರವೈದ್ಯರೂ ಲಿಪಿವಿನ್ಯಾಸಕಾರರೂ ಜೊತೆಗೂಡಿ ಮಾಡತಕ್ಕ ಕೆಲಸ. ಅದಕ್ಕೆ ಬೇಕಾದ ಸಾಧನವು ಈಗ ಪ್ರತಿಯೊಬ್ಬರ ಜೇಬಿನಲ್ಲಿಯೂ ಇದೆ.