ಬಿಸಿ ಇದ್ದರೆ ಸಾಕೇ? ಭಟ್ಕಳದಿಂದ ಕುಮಟಾವರೆಗೆ ಹೆದ್ದಾರಿ ಊಟದ ವಿಜ್ಞಾನ

ಮಂಗಳೂರು ಕಡೆಯಿಂದ ಗೋವಾಕ್ಕೆ ಹೊರಟವರಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಭಟ್ಕಳ, ಹೊನ್ನಾವರ, ಕುಮಟಾ ಒಂದರ ಹಿಂದೆ ಒಂದು ಸಿಗುತ್ತವೆ. ಮೊದಲಿನದರಿಂದ ಕೊನೆಯದಕ್ಕೆ ಸುಮಾರು 60 ಕಿಲೋಮೀಟರ್. ಇಷ್ಟು ಸಣ್ಣ ದಾರಿಯಲ್ಲೇ ತಟ್ಟೆಯ ರೂಪ ಮೂರು ಸಲ ಬದಲಾಗುತ್ತದೆ. ಭಟ್ಕಳ ಪೇಟೆಯಲ್ಲಿ ಬಿರಿಯಾನಿ, ಸುಲೈಮಾನಿ ಚಹಾ. ಶರಾವತಿ ಸೇತುವೆ ದಾಟಿದರೆ ಖಾನಾವಳಿಗಳ ಮೀನೂಟ. ಕುಮಟಾಕ್ಕೆ ಬರುವ ಹೊತ್ತಿಗೆ ಬನ್ಸ್, ಅವಲಕ್ಕಿ, ಕಷಾಯ ಸಿಗುವ ಸಣ್ಣ ಹೋಟೆಲುಗಳು.

ಈ ದಾರಿಯಲ್ಲಿ ಹೋಗಿಬಂದವರು ಕೊಡುವ ಸಲಹೆಗಳಿಗೂ ಕೊರತೆಯಿಲ್ಲ. ಜನ ತುಂಬಿರುವ ಹೋಟೆಲಿಗೇ ಹೋಗಿ. ಬಿಸಿ ಇದ್ದರೆ ಏನೂ ಆಗುವುದಿಲ್ಲ. ಖಾರ ಜಾಸ್ತಿ ಇದ್ದರೆ ಕ್ರಿಮಿ ಉಳಿಯುವುದಿಲ್ಲ. ಐಸ್ ಹಾಕಿದ ಮೀನು ಬೇಡ. ಮೀನು ತಿಂದ ಮೇಲೆ ಮಜ್ಜಿಗೆ ಮುಟ್ಟಬೇಡಿ. ಇವುಗಳಲ್ಲಿ ಮೊದಲನೆಯದರಲ್ಲಿ ಸ್ವಲ್ಪ ಸತ್ಯವಿದೆ. ಉಳಿದವುಗಳನ್ನು ನಂಬಿದರೆ ಕೆಲವೊಮ್ಮೆ ನಷ್ಟವೇ ಹೆಚ್ಚು. ಹೊಟ್ಟೆ ಕೆಡಿಸುವ ವಿಷಯದಲ್ಲಿ ತೀರ್ಮಾನ ಮಾಡುವುದು ಆಹಾರ ಎಷ್ಟು ಹೊತ್ತು, ಎಷ್ಟು ಬಿಸಿಯಲ್ಲಿ ಅಥವಾ ಎಷ್ಟು ತಂಪಿನಲ್ಲಿ ಇತ್ತು ಎನ್ನುವುದು. ಮೇಜು ಹೊಳೆಯುತ್ತಿದೆಯೋ ಇಲ್ಲವೋ ಎನ್ನುವುದು ಆಮೇಲಿನ ಮಾತು.

ಬಿರಿಯಾನಿ: ಕೇಳಬೇಕಾದ್ದು ಮಾಂಸದ ಬಗ್ಗೆಯಲ್ಲ, ಅನ್ನದ ಬಗ್ಗೆ

ಭಟ್ಕಳದ ನವಾಯತ ಸಮುದಾಯದ ಬಿರಿಯಾನಿ ಈರುಳ್ಳಿ ಧಾರಾಳವಾಗಿ ಹಾಕಿದ ಮಸಾಲೆಗೆ ಹೆಸರುವಾಸಿ. ಮಸಾಲೆ, ಅನ್ನ ಎರಡನ್ನೂ ಬೇರೆ ಬೇರೆ ಬೇಯಿಸಿ ಪದರವಾಗಿ ಜೋಡಿಸುತ್ತಾರೆ. ಇಂಥ ಊಟದ ನಂತರ ಹೊಟ್ಟೆ ಕೆಟ್ಟರೆ ಎಲ್ಲರೂ ಬೆರಳು ತೋರಿಸುವುದು ಮಾಂಸದ ಕಡೆ. ಆದರೆ ಊಟವಾದ ಒಂದರಿಂದ ಆರು ಗಂಟೆಯೊಳಗೆ ಜೋರು ವಾಂತಿ ಶುರುವಾಗಿದ್ದರೆ ಮೊದಲು ಅನುಮಾನಿಸಬೇಕಾದವುಗಳಲ್ಲಿ ಅನ್ನವೂ ಒಂದು.

ಕಾರಣ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ. ಇದು ಮಣ್ಣಿನಲ್ಲಿ ಸಹಜವಾಗಿ ಇರುವಂಥದ್ದು, ಅಕ್ಕಿಯ ಜೊತೆ ಅಡುಗೆಮನೆಗೂ ಬರುತ್ತದೆ. ಪ್ರತಿಕೂಲ ಸ್ಥಿತಿಯಲ್ಲಿ ಇದು ಗಟ್ಟಿ ಕವಚದ ಬೀಜಕಣವಾಗಿ ಕೂರುತ್ತದೆ, ಅನ್ನ ಕುದಿಯುವಾಗ ಸಾಯುವುದಿಲ್ಲ. ಅನ್ನ ಬಿಸಿಯಾಗಿದ್ದಷ್ಟು ಹೊತ್ತು ಅದು ಸುಮ್ಮನಿರುತ್ತದೆ. ಉಗುರುಬೆಚ್ಚಗಾದಾಗ ಎದ್ದು ಬೆಳೆಯುತ್ತದೆ. ಅನುಕೂಲವಾದ ಸ್ಥಿತಿಯಲ್ಲಿ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುವ ಬ್ಯಾಕ್ಟೀರಿಯಾ ಒಂದೇ ಒಂದಿದ್ದರೂ ಆರು ಗಂಟೆಯಲ್ಲಿ ಎರಡೂವರೆ ಲಕ್ಷ ದಾಟುತ್ತದೆ ಎಂದು ಲೆಕ್ಕ ಹಾಕಬಹುದು. ಬೆಳೆಯುತ್ತಾ ಅದು ಸೆರೆಯುಲೈಡ್ ಎಂಬ ವಿಷ ಬಿಡುತ್ತದೆ. ಈ ವಿಷ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೂವರೆ ಗಂಟೆ ಇಟ್ಟರೂ ಹಾಳಾಗುವುದಿಲ್ಲ. ಹಾಗಿರುವಾಗ ಬಾಣಲೆಯಲ್ಲಿ ಐದು ನಿಮಿಷ ಕೈಯಾಡಿಸಿದರೆ ಹೋಗುತ್ತದೆಯೇ?

'ಬಿಸಿ ಇದ್ದರೆ ಸಾಕು' ಎನ್ನುವ ಮಾತು ಎಡವುವುದು ಇಲ್ಲೇ. ಅಡುಗೆಯಾದಾಗಿನಿಂದ ಬಿಸಿಯಾಗಿಯೇ ಇದ್ದ ಅನ್ನ ಬೇರೆ, ಮಧ್ಯಾಹ್ನ ಆರಿ ರಾತ್ರಿ ಮತ್ತೆ ಬಿಸಿ ಮಾಡಿದ ಅನ್ನ ಬೇರೆ. ತಟ್ಟೆಗೆ ಬಂದಾಗ ಎರಡರಿಂದಲೂ ಹಬೆ ಏಳುತ್ತಿರುತ್ತದೆ, ರುಚಿಯಲ್ಲೂ ವ್ಯತ್ಯಾಸ ತಿಳಿಯುವುದಿಲ್ಲ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಬಿಸಿಯಾಗಿ ಬಡಿಸುವ ಅಡುಗೆ 60 ಡಿಗ್ರಿಗಿಂತ ಮೇಲಿರಬೇಕು, ತಂಪಾಗಿ ಇಡುವಂಥದ್ದು 5 ಡಿಗ್ರಿಗಿಂತ ಕೆಳಗಿರಬೇಕು. ನಡುವಿನದು ಅಪಾಯದ ವಲಯ, ಕರಾವಳಿಯ ಸೆಕೆಯೂ ಅದರೊಳಗೇ ಬರುತ್ತದೆ. ದೊಡ್ಡ ಹಂಡೆಯ ಅನ್ನ ಮೇಲೆ ತಣ್ಣಗೆ ಕಂಡರೂ ನಡುವೆ ತಾಸುಗಟ್ಟಲೆ ಬೆಚ್ಚಗಿರುತ್ತದೆ ಎನ್ನುವುದನ್ನೂ ಮರೆಯುವಂತಿಲ್ಲ.

ಜನ ತುಂಬಿದ ಹೋಟೆಲ್ ಎಂಬ ಸಲಹೆಯಲ್ಲಿ ಹುರುಳಿರುವುದು ಇದೇ ಕಾರಣಕ್ಕೆ. ಮಧ್ಯಾಹ್ನ ಒಂದು ಗಂಟೆಗೆ ಹಂಡೆ ಖಾಲಿಯಾಗಿ ಮತ್ತೊಂದು ಇಳಿಯುತ್ತಿದ್ದರೆ ಅನ್ನಕ್ಕೆ ಆರಲು ಪುರಸೊತ್ತೇ ಇರುವುದಿಲ್ಲ. ಅದೇ ಹೋಟೆಲಿಗೆ ಸಂಜೆ ಐದಕ್ಕೆ ಹೋದರೆ ಲೆಕ್ಕ ಬೇರೆ. ಆ ಹೊತ್ತಿಗೆ ಬಿರಿಯಾನಿಗಿಂತ ಆಗಷ್ಟೇ ಕಾವಲಿಯಿಂದ ತೆಗೆದ ದೋಸೆ ನಮಗೆ ಹೆಚ್ಚು ನಂಬಿಕೆಯದ್ದು ಎನಿಸುತ್ತದೆ. ಇನ್ನು ಖಾರದ ಮಾತು: ಮೆಣಸು, ಅರಿಶಿನ, ಲವಂಗದ ಸಾರಗಳು ಪ್ರಯೋಗಾಲಯದಲ್ಲಿ ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುವುದು ನಿಜ. ಅಡುಗೆಗೆ ಬೀಳುವ ಪ್ರಮಾಣದಲ್ಲಿ ಅವನ್ನು ನೆಚ್ಚಿಕೊಳ್ಳುವಂತಿಲ್ಲ. ಸಾಂಬಾರ ಪದಾರ್ಥಗಳಲ್ಲೇ ಈ ಬೀಜಕಣಗಳು ಇರುವುದೂ ಉಂಟು.

ಊಟದ ಕೊನೆಗೆ ಬರುವ ಸುಲೈಮಾನಿ, ಅಂದರೆ ಹಾಲಿಲ್ಲದ ನಿಂಬೆ ಚಹಾ, 'ಕೊಬ್ಬು ಕರಗಿಸುತ್ತದೆ' ಎನ್ನುತ್ತಾರೆ. ಕೊಬ್ಬನ್ನು ಒಡೆಯುವುದು ಪಿತ್ತರಸ ಮತ್ತು ಮೇದೋಜೀರಕ ಗ್ರಂಥಿಯ ಕಿಣ್ವ. ಬಿಸಿ ಚಹಾ ಕುಡಿದರೂ, ತಣ್ಣೀರು ಕುಡಿದರೂ ಹೊಟ್ಟೆ ಸ್ವಲ್ಪ ಹೊತ್ತಿನಲ್ಲೇ ಅದನ್ನು 37 ಡಿಗ್ರಿಗೆ ತಂದುಕೊಳ್ಳುತ್ತದೆ. ಸುಲೈಮಾನಿ ಕುಡಿಯಲು ರುಚಿ ಸಾಕಾಗುವಷ್ಟು ಕಾರಣ.

ಐಸ್ ಹಾಕಿದ ಮೀನು ಬೇಡವೇ?

ಹೊನ್ನಾವರದ ಆಚೀಚೆ ಮೀನೂಟವೆಂದರೆ ಹೆಚ್ಚಾಗಿ ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿ ಅರೆದ ಸಾರು, ರವೆ ಹಚ್ಚಿ ಹುರಿದ ಬಂಗಡೆ. ಭಟ್ಕಳದ ಮಾವಿನಕುರ್ವೆ, ಹೊನ್ನಾವರದ ಕಾಸರಕೋಡ, ಕುಮಟಾ ತಾಲ್ಲೂಕಿನ ತದಡಿ ಮೂರೂ ಮೀನುಗಾರಿಕೆಯ ನೆಲೆಗಳು. ಹಾಗಾಗಿ 'ಇಲ್ಲಿ ಮೀನು ತಾಜಾ ಇಲ್ಲದಿದ್ದರೆ ಮತ್ತೆಲ್ಲಿ' ಎಂದು ನಂಬಿಯೇ ನಾವು ಒಳಗೆ ಹೋಗುತ್ತೇವೆ. ಐಸಿನಲ್ಲಿಟ್ಟದ್ದು ಹಳೆಯದು, ಬುಟ್ಟಿಯಲ್ಲಿ ಬಂದದ್ದು ತಾಜಾ ಎಂಬುದು ಆ ನಂಬಿಕೆಯದೇ ಮುಂದಿನ ಭಾಗ. ಇದು ತಲೆಕೆಳಗಾದ ತಿಳಿವಳಿಕೆ. ಬಂಗಡೆಯ ಮಟ್ಟಿಗಂತೂ ಅಪಾಯದ್ದೂ ಹೌದು.

ಬಂಗಡೆ, ತಾರ್ಲೆ, ಟ್ಯೂನಾದಂಥ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೆಚ್ಚು. ಸತ್ತ ಮೀನು ಸೆಕೆಯಲ್ಲಿ ಕೆಲವು ಗಂಟೆ ಉಳಿದರೆ ಅದರ ಕಿವಿರು, ಕರುಳಿನಲ್ಲಿದ್ದ ಬ್ಯಾಕ್ಟೀರಿಯಾಗಳು ಹಿಸ್ಟಿಡಿನ್ ಅನ್ನು ಹಿಸ್ಟಮಿನ್ ಆಗಿ ಬದಲಿಸುತ್ತವೆ. ಅಲರ್ಜಿಯಾದಾಗ ನಮ್ಮ ದೇಹ ತಾನೇ ಬಿಡುಗಡೆ ಮಾಡುವುದು ಇದೇ ರಾಸಾಯನಿಕ. ಅಂತರರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆಯಾದ ಕೋಡೆಕ್ಸ್ ಇಂಥ ಮೀನಿನಲ್ಲಿ ಕಿಲೋಗೆ 200 ಮಿಲಿಗ್ರಾಂ ಹಿಸ್ಟಮಿನ್ ಮೀರಬಾರದು ಎನ್ನುತ್ತದೆ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಹುರಿದರೆ ಹೋಗದು, ಸಾರಿನಲ್ಲಿ ಕುದಿಸಿದರೆ ಹೋಗದು, ಫ್ರೀಜರಿನಲ್ಲಿಟ್ಟರೂ ಹೋಗದು. ಮೀನು ನಾರಬೇಕೆಂದೂ ಇಲ್ಲ. ಕೆಲವರಿಗೆ ನಾಲಿಗೆಯ ಮೇಲೆ ಕಾಳುಮೆಣಸು ಕಚ್ಚಿದಂಥ ಚುರುಕು ತಿಳಿಯುತ್ತದೆ. ಹಸಿಮೆಣಸು, ಒಣಮೆಣಸು ಎರಡೂ ಬಿದ್ದ ಮಸಾಲೆಯಲ್ಲಿ ಅದನ್ನು ಗುರುತಿಸುವವರು ಯಾರು?

ತಿಂದ ಕೆಲವೇ ನಿಮಿಷದಿಂದ ಒಂದೆರಡು ಗಂಟೆಯೊಳಗೆ ಮುಖ, ಕುತ್ತಿಗೆ ಕೆಂಪಾಗುವುದು, ತಲೆನೋವು, ಎದೆ ಡವಡವ, ಮೈಮೇಲೆ ದದ್ದು, ಕೆಲವೊಮ್ಮೆ ವಾಂತಿ ಭೇದಿ. ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ, ವೈದ್ಯರು ಕೊಡುವ ಅಲರ್ಜಿ ನಿರೋಧಕ ಮಾತ್ರೆಗೆ ಬೇಗ ಬಗ್ಗುತ್ತದೆ. ಕ್ಷಯರೋಗಕ್ಕೆ ಐಸೋನಿಯಾಜಿಡ್ ಮಾತ್ರೆ ತೆಗೆದುಕೊಳ್ಳುತ್ತಿರುವವರಲ್ಲಿ ಮಾತ್ರ ಇದು ಜೋರಾಗಬಹುದು. ಆ ಔಷಧ ದೇಹದಲ್ಲಿ ಹಿಸ್ಟಮಿನ್ ಒಡೆಯುವ ಕೆಲಸಕ್ಕೆ ಅಡ್ಡ ಬರುತ್ತದೆ.

ಇದನ್ನು 'ಮೀನಿನ ಅಲರ್ಜಿ' ಎಂದು ತಪ್ಪಾಗಿ ತಿಳಿದು ಜನ್ಮಪೂರ್ತಿ ಮೀನು ಬಿಟ್ಟವರಿದ್ದಾರೆ. ಒಂದೇ ಮೇಜಿನಲ್ಲಿ ಅದೇ ಮೀನು ತಿಂದ ಇಬ್ಬರು ಮೂವರಿಗೆ ಹೀಗಾಗಿದ್ದರೆ, ಮೊದಲೆಲ್ಲ ಮೀನು ತಿಂದು ಏನೂ ಆಗದಿದ್ದರೆ, ಕೆಟ್ಟದ್ದು ಆ ಮೀನು, ನಿಮ್ಮ ದೇಹವಲ್ಲ. ಆದರೆ ನಿಜವಾದ ಅಲರ್ಜಿಯೂ ಹೀಗೇ ಶುರುವಾಗುವುದರಿಂದ ತೀರ್ಮಾನ ವೈದ್ಯರಿಗೆ ಬಿಡಿ. ಉಸಿರು ಕಟ್ಟುವುದು, ನಾಲಿಗೆ ಅಥವಾ ತುಟಿ ಊದಿಕೊಳ್ಳುವುದು ಕಂಡರೆ ಯಾವುದೆಂದು ಯೋಚಿಸುತ್ತಾ ಕೂರದೆ ಆಸ್ಪತ್ರೆಗೆ ಹೋಗಬೇಕು.

ಇದನ್ನೆಲ್ಲ ತಡೆಯುವ ಒಂದೇ ಉಪಾಯ, ಬಲೆಯಿಂದ ಬಾಣಲೆಯವರೆಗೆ ಮೀನನ್ನು ತಂಪಾಗಿಡುವುದು. ಹಿಡಿದ ಕೂಡಲೇ ಐಸಿಗೆ ಬಿದ್ದು ಎರಡು ದಿನ ಅದರಲ್ಲೇ ಇದ್ದ ಬಂಗಡೆ, ಬೆಳಿಗ್ಗೆ ಹಿಡಿದು ಮಧ್ಯಾಹ್ನದವರೆಗೆ ಬಿಸಿಲಲ್ಲಿ ಬುಟ್ಟಿಯಲ್ಲಿದ್ದ ಬಂಗಡೆಗಿಂತ ಸುರಕ್ಷಿತ. ಹೋಟೆಲಿನಲ್ಲಿ ಮಸಾಲೆ ಹಚ್ಚಿ ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಇಟ್ಟಿರುತ್ತಾರಲ್ಲ, ಆ ಪೆಟ್ಟಿಗೆಗೆ ತಂಪು ಇದೆಯೇ ನೋಡಿ. ಮಸಾಲೆ ಮೀನಿನ ಕಣ್ಣು, ಕಿವಿರು ಎಲ್ಲವನ್ನೂ ಮುಚ್ಚಿಬಿಡುತ್ತದೆ. 'ಮಸಾಲೆ ಹಚ್ಚದ್ದು ತೋರಿಸ್ತೀರಾ' ಎಂದು ಕೇಳಿದರೆ ಈ ಕಡೆಯ ಸಣ್ಣ ಖಾನಾವಳಿಯವರು ಬೇಸರ ಮಾಡಿಕೊಳ್ಳುವುದು ಕಡಿಮೆ. ಒಳಗಿಂದ ಎತ್ತಿಕೊಂಡು ಬಂದು ಕಿವಿರು ಬಿಡಿಸಿ ತೋರಿಸುತ್ತಾರೆ. ಅನುಮಾನ ಬಂದರೆ ಆ ದಿನ ಬಂಗಡೆ ಬಿಟ್ಟು ಪಾಂಪ್ಲೆಟ್‌ನಂಥ ಬಿಳಿ ಮಾಂಸದ ಮೀನು ಕೇಳಬಹುದು, ಹಿಸ್ಟಮಿನ್ ಕಾಟ ಅದರಲ್ಲಿ ತೀರಾ ಕಡಿಮೆ.

ಮಳೆಗಾಲದಲ್ಲಿ ಹೋಗುವವರು ಇನ್ನೊಂದು ವಿಷಯ ತಿಳಿದಿರಬೇಕು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ನಾಡದೋಣಿಯವರು ತಂದ ಸ್ವಲ್ಪ ಮೀನು, ಹೊಳೆ ಮೀನು ಬಿಟ್ಟರೆ ಆಗ ತಟ್ಟೆಗೆ ಬರುವುದು ಶೈತ್ಯಾಗಾರದ್ದು ಅಥವಾ ಹೊರರಾಜ್ಯದ್ದು. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ ಇರುವುದರಿಂದ ಜೂನ್ ಮಧ್ಯದ ನಂತರ ಆ ಕಡೆಯ ಮೀನು ಇಲ್ಲಿಗೆ ಬರಲು ದಾರಿ ಇರುತ್ತದೆ. ಸರಿಯಾಗಿ ಐಸಿನಲ್ಲಿ ಬಂದಿದ್ದರೆ ಅದರಲ್ಲಿ ತಪ್ಪೇನಿಲ್ಲ. ಜುಲೈ ತಿಂಗಳಲ್ಲಿ 'ಈಗಷ್ಟೇ ಸಮುದ್ರದಿಂದ ಬಂದದ್ದು' ಎಂಬ ಮಾತನ್ನು ಮಾತ್ರ ಒಂದು ನಗು ನಕ್ಕು ಕೇಳಿಸಿಕೊಳ್ಳಿ.

ಮೀನಿನ ಜೊತೆ ಹಾಲು, ಮೊಸರು, ಮಜ್ಜಿಗೆ ಸೇರಿದರೆ ತೊನ್ನು ಬರುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ತೊನ್ನು ಬರುವುದು ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳ ಮೇಲೆ ನಮ್ಮದೇ ರೋಗನಿರೋಧಕ ವ್ಯವಸ್ಥೆ ದಾಳಿ ಮಾಡಿದಾಗ. ಬಂಗಾಳದಲ್ಲಿ ಮೊಸರು ಹಾಕಿಯೇ ಮೀನಿನ ಸಾರು ಮಾಡುತ್ತಾರೆ. ಈ ಭಯದ ದೊಡ್ಡ ಕೆಡುಕು ಬೇರೆ: ತೊನ್ನು ಇರುವವರನ್ನು 'ಏನೋ ತಿನ್ನಬಾರದ್ದು ತಿಂದಿರಬೇಕು' ಎಂದು ನೋಡುವುದು.

ಕಷಾಯ ಕುಡಿದರೆ ನಿದ್ದೆ ಹೋಗುತ್ತದೆಯೇ?

ಊಟ ಮುಗಿಸಿ ಕುಮಟಾ ಕಡೆ ಹೊರಟರೆ ಗಂಟೆ ಎರಡೂವರೆ, ಮೂರು ಆಗಿರುತ್ತದೆ. ಚಾಲಕರಿಗೆ ಕಣ್ಣೆಳೆಯುವ ಹೊತ್ತು. ಈ ತೂಕಡಿಕೆಗೆ ಅನ್ನವೊಂದೇ ಕಾರಣವಲ್ಲ. ನಮ್ಮ ದೇಹದ ದಿನಚರಿಯಲ್ಲೇ ಎರಡರಿಂದ ನಾಲ್ಕರ ನಡುವೆ ಎಚ್ಚರ ಇಳಿಯುವ ಅವಧಿಯೊಂದಿದೆ. ಉಪವಾಸವಿದ್ದರೂ ಅದು ಬರುತ್ತದೆ, ಭಾರಿ ಊಟ ಅದನ್ನು ಹೆಚ್ಚಿಸುತ್ತದೆ.

ಹಾಗಾಗಿ ದಾರಿಬದಿಯಲ್ಲಿ ಬಿಸಿಯಾಗಿ ಏನಾದರೂ ಕುಡಿದು ಮುಂದೆ ಹೋಗುವ ರೂಢಿ. ಉತ್ತರ ಕನ್ನಡದ ಹೋಟೆಲುಗಳಲ್ಲಿ ಚಹಾ, ಕಾಫಿಯ ಜೊತೆಗೆ ಕಷಾಯವೂ ಸಿಗುತ್ತದೆ. ಕೊತ್ತಂಬರಿ, ಜೀರಿಗೆ, ಕಾಳುಮೆಣಸಿನ ಪುಡಿಗೆ ಹಾಲು, ಬೆಲ್ಲ ಹಾಕಿದ ಸೊಗಸಾದ ಪಾನೀಯ. ಆದರೆ ಅದರಲ್ಲಿ ಕೆಫೀನ್ ಒಂದಿಷ್ಟೂ ಇಲ್ಲ. ಮೆಣಸಿನ ಘಾಟಿಗೆ ಎರಡು ನಿಮಿಷ ಕಣ್ಣು ಬಿಟ್ಟಂತಾಗಬಹುದು, ಅದನ್ನು ನಂಬಿ ಸ್ಟಿಯರಿಂಗ್ ಹಿಡಿಯುವಂತಿಲ್ಲ. ಕಾಫಿಯಲ್ಲೂ ಚಿಕೋರಿ ಹೆಚ್ಚಿದ್ದಷ್ಟು ಕೆಫೀನ್ ಕಡಿಮೆ.

ಕಾಫಿ ಕುಡಿದ ತಕ್ಷಣ ಎಚ್ಚರವಾಗುತ್ತದೆ ಎಂಬುದೂ ಸರಿಯಲ್ಲ. ಕೆಫೀನ್ ರಕ್ತ ಸೇರಿ ಕೆಲಸ ತೋರಿಸಲು 20ರಿಂದ 30 ನಿಮಿಷ ಬೇಕು. ಕಾಫಿ ಕುಡಿದು, ಗಾಡಿಯನ್ನು ನೆರಳಿಗೆ ಹಾಕಿ, 15–20 ನಿಮಿಷ ಕಣ್ಣು ಮುಚ್ಚುವುದು ಇದಕ್ಕೆ ಒಳ್ಳೆಯ ದಾರಿ. ಏಳುವ ಹೊತ್ತಿಗೆ ಸಣ್ಣ ನಿದ್ದೆಯ ಲಾಭವೂ ಆಗಿರುತ್ತದೆ, ಕೆಫೀನ್ ಕೂಡ ಕೆಲಸಕ್ಕೆ ಇಳಿದಿರುತ್ತದೆ. ಎಷ್ಟೇ ಕಾಫಿ ಕುಡಿದರೂ ರಾತ್ರಿಯಿಡೀ ಬಿಟ್ಟ ನಿದ್ದೆಗೆ ಅದು ಬದಲಿಯಲ್ಲ.

ಬೇಸಿಗೆಯಲ್ಲಾದರೆ ಕುಮಟಾ ಸಮೀಪದ ಹಂದಿಗೋಣ, ಅಳ್ವೆಕೋಡಿ ಕಡೆ ರಸ್ತೆ ಪಕ್ಕ ಜಡೆ ಹೆಣೆದಂತೆ ನೇತುಹಾಕಿದ ಸಿಹಿ ಈರುಳ್ಳಿ ಕಾಣುತ್ತದೆ. ಹೆಚ್ಚಿಟ್ಟ ಈರುಳ್ಳಿ ಗಾಳಿಯಲ್ಲಿರುವ ಬ್ಯಾಕ್ಟೀರಿಯಾಗಳನ್ನು ಹೀರಿಕೊಂಡು ವಿಷವಾಗುತ್ತದೆ ಎಂಬ ವಾಟ್ಸ್ಆ್ಯಪ್ ಸಂದೇಶ ನೆನಪಾಗಿ ಹೋಟೆಲಿನ ತಟ್ಟೆಯ ಈರುಳ್ಳಿಯನ್ನು ಬದಿಗಿಡುವವರಿದ್ದಾರೆ. ಈರುಳ್ಳಿಗೆ ಹಾಗೆ ಸೆಳೆಯುವ ಶಕ್ತಿಯಿಲ್ಲ. ಹೆಚ್ಚಿದ ಚಾಕು, ಕೈ, ತೊಳೆದ ನೀರು ಇವುಗಳಿಂದ ಸೌತೆಕಾಯಿಗೆ ಎಷ್ಟು ಅಪಾಯವೋ ಇದಕ್ಕೂ ಅಷ್ಟೇ. ಹಸಿಯಾಗಿ ತಿನ್ನುವ ಯಾವುದನ್ನೇ ಆದರೂ ಆರ್ಡರ್ ಮಾಡಿದ ಮೇಲೆ ಹೆಚ್ಚಿಕೊಟ್ಟರೆ ಒಳ್ಳೆಯದು.

ಇಷ್ಟಾಗಿಯೂ ಹೊಟ್ಟೆ ಕೆಟ್ಟರೆ?

ಮೊದಲು ಬೇಕಾದ್ದು ಓಆರ್‌ಎಸ್. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಶುದ್ಧ ನೀರಿಗೆ ಕಲಸಿ, ಗುಟುಕು ಗುಟುಕಾಗಿ ಕುಡಿಯಬೇಕು. ಸಿಹಿ ಸೋಡಾ, ಕೋಲಾಗಳಲ್ಲಿ ಸಕ್ಕರೆ ವಿಪರೀತ, ಭೇದಿ ಹೆಚ್ಚಬಹುದು. ಎಳನೀರು ಇಲ್ಲಿ ಮೂಲೆಮೂಲೆಗೂ ಸಿಗುತ್ತದೆ, ಕುಡಿಯಲು ಅಡ್ಡಿಯಿಲ್ಲ. ಆದರೆ ಅದರಲ್ಲಿ ಪೊಟ್ಯಾಶಿಯಂ ಹೆಚ್ಚು, ಭೇದಿಯಲ್ಲಿ ಕಳೆದುಹೋಗುವ ಸೋಡಿಯಂ ಕಡಿಮೆ. ಓಆರ್‌ಎಸ್ ಸಿಗುವವರೆಗೆ ಉಪ್ಪು ಹಾಕಿದ ತಿಳಿ ಗಂಜಿ ಅದಕ್ಕಿಂತ ಮೇಲು. ಮಲದಲ್ಲಿ ರಕ್ತ, ಜೋರು ಜ್ವರ, ಕುಡಿದದ್ದೆಲ್ಲ ವಾಂತಿ, ಆರೆಂಟು ಗಂಟೆ ಮೂತ್ರವೇ ಆಗದಿರುವುದು ಇವುಗಳಲ್ಲಿ ಯಾವುದು ಕಂಡರೂ, ಚಿಕ್ಕ ಮಕ್ಕಳು ಹಾಗೂ ವಯಸ್ಸಾದವರಾದರೆ ಇದಕ್ಕೂ ಮೊದಲೇ, ಪ್ರಯಾಣ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಭಟ್ಕಳ, ಹೊನ್ನಾವರ, ಕುಮಟಾ ಮೂರರಲ್ಲೂ ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಿವೆ. ಏನು ತಿಂದಿರಿ, ಎಷ್ಟು ಗಂಟೆಗೆ ತಿಂದಿರಿ, ತೊಂದರೆ ಯಾವಾಗ ಶುರುವಾಯಿತು ಎಂಬ ಮೂರನ್ನೂ ಹೇಳಿದರೆ ಅನ್ನವೋ ಮೀನೋ ಎಂದು ಊಹಿಸುವುದು ಅವರಿಗೆ ಸುಲಭ.